ಒಂದೇ ಕಂಪನಿಯ ಐದು ಡಬ್ಬಿ

ಅಂಕೋಲೆಯಾಗಲಿ, ಕಾರವಾರವಾಗಲಿ, ಗಡಿ ದಾಟಿ ಮಡಗಾಂವ್ ಆಗಲಿ, ಟಿ.ವಿ. ಅಂಗಡಿಗೆ ಹೋಗಿ ಹೋಮ್ ಥಿಯೇಟರ್ ಬೇಕೆಂದರೆ ಸಿಗುವ ಉಪದೇಶ ಒಂದೇ: "ಎಲ್ಲಾ ಒಂದೇ ಕಂಪನಿದು ತಗೊಳ್ಳಿ ಸರ್, ಮ್ಯಾಚಿಂಗ್ ಇರ್ತದೆ." ಅಂಗೈಯಗಲದ ಐದು ಡಬ್ಬಿ, ಮೂಲೆಗೊಂದು ದಪ್ಪ ಡಬ್ಬಿ, ಟಿ.ವಿ.ಯ ಕೆಳಗೆ ಕೂರುವ ತೆಳ್ಳನೆಯ ಯಂತ್ರ, ಎಲ್ಲವೂ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ. ಸಂಗೀತದ ಹುಚ್ಚು ಹತ್ತಿದವರನ್ನು ಕೇಳಿ ನೋಡಿ, ಅವರೂ ಇದನ್ನೇ ಇನ್ನಷ್ಟು ನಾಜೂಕಾಗಿ ಹೇಳುತ್ತಾರೆ. ಇಂಥ ಆಂಪ್ಲಿಫೈಯರ್‌ಗೆ ಇಂಥದೇ ಸ್ಪೀಕರ್, ಅದಕ್ಕೆ ಇಂಥದೇ ಕೇಬಲ್. ಜಾತಕ ಕೂಡಿಸುವ ಪುರೋಹಿತರೂ ಇಷ್ಟು ಕಟ್ಟುನಿಟ್ಟಲ್ಲ.

ಈ ನಂಬಿಕೆ ಹೆಚ್ಚು ಕಾಡುವುದು ಕೈಯಲ್ಲಿ ಕಡಿಮೆ ದುಡ್ಡಿರುವವನನ್ನೇ. ಎರಡು ಲಕ್ಷ ಖರ್ಚು ಮಾಡುವವನು ತಪ್ಪು ಮಾಡಿದರೂ ಒಳ್ಳೆಯ ಸದ್ದೇ ಸಿಗುತ್ತದೆ. 30,000ವೋ 50,000ವೋ ಹೊಂದಿಸಿಕೊಂಡು ಬಂದವನು ಅದನ್ನು ಆರು ಡಬ್ಬಿಗಳಿಗೆ ಹಂಚಿದರೆ ಯಾವ ಡಬ್ಬಿಗೂ ತಕ್ಕ ಪಾಲು ಸಿಗುವುದಿಲ್ಲ. ನನ್ನ ವಾದ ಇಷ್ಟೆ. ಹೊಂದಿಕೆ ಬೇಕಾದದ್ದು ಸ್ಪೀಕರಿಗೂ ಕೋಣೆಗೂ, ಸ್ಪೀಕರಿಗೂ ನಾವು ದಿನವೂ ನೋಡುವ ಕೇಳುವ ಸರಕಿಗೂ. ಲೇಬಲ್ಲಿಗೂ ಲೇಬಲ್ಲಿಗೂ ಅಲ್ಲ.

ಒಂದು ಕಡೆ ಮಾತ್ರ ಒಂದೇ ಮಾಲಿಕೆಯದ್ದು ಬೇಕು ಎನ್ನುವುದರಲ್ಲಿ ನಿಜವಿದೆ. ಪರದೆಯ ಎಡ, ನಡು, ಬಲ ಈ ಮೂರು ಸ್ಪೀಕರ್‌ಗಳ ದನಿ ಒಂದೇ ಜಾಡಿನದಾಗಿರಬೇಕು. ಲಾರಿಯೊಂದು ಪರದೆಯ ಈ ತುದಿಯಿಂದ ಆ ತುದಿಗೆ ಹೋಗುವಾಗ ನಡುವಿನ ಸ್ಪೀಕರ್ ಬೇರೆ ಜಾತಿಯದ್ದಾದರೆ ಅರ್ಧ ದಾರಿಯಲ್ಲಿ ಎಂಜಿನ್ ಬದಲಿಸಿದಂತೆ ಕೇಳುತ್ತದೆ. ಹಿಂದಿನ ಎರಡಕ್ಕೆ ಆ ಕಟ್ಟುಪಾಡು ಸಡಿಲ. ಅವುಗಳಿಗೆ ಬರುವುದು ಹೆಚ್ಚಾಗಿ ಮಳೆ, ಗಾಳಿ, ಸಂತೆಯ ಗದ್ದಲ. ಮೂಲೆಯ ದಪ್ಪ ಡಬ್ಬಿ, ಅಂದರೆ ಸಬ್‌ವೂಫರ್‌ಗಂತೂ ಕುಲಗೋತ್ರ ಕೇಳುವ ಅಗತ್ಯವೇ ಇಲ್ಲ. ಸುಮಾರು 80 ಹರ್ಟ್ಸ್‌ನಿಂದ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗುರುತು ಹತ್ತುವುದು ಕಷ್ಟ. ಟಿ.ಎಚ್.ಎಕ್ಸ್. ಸಂಸ್ಥೆ ಮನೆಯ ಥಿಯೇಟರಿಗೆ 80 ಹರ್ಟ್ಸ್‌ನಿಂದ ಕೆಳಗಿನದು ಸಬ್‌ವೂಫರಿಗೆ ಎಂಬ ಗಡಿ ಹಾಕಿದ್ದರ ಹಿಂದೆ ಇದೂ ಇದೆ. ಆಂಪ್ಲಿಫೈಯರ್, ಟಿ.ವಿ., ಸೆಟ್‌ಟಾಪ್ ಬಾಕ್ಸ್ ಇವೆಲ್ಲ ಬೇರೆ ಬೇರೆ ಕಂಪನಿಯದ್ದಾದರೂ ಏನೂ ಕೆಡುವುದಿಲ್ಲ.

ಅಗ್ಗದ ಸೆಟ್‌ಗಳ ಹುಳುಕು ಇರುವುದು ಈ ಗಡಿಯಲ್ಲೇ. ಮೂರಿಂಚಿನ ಕೋನ್ ಇಟ್ಟ ಪುಟ್ಟ ಡಬ್ಬಿ 80 ಹರ್ಟ್ಸ್ ತನಕ ಇಳಿಯಲಾರದು. 150ಕ್ಕೋ 200ಕ್ಕೋ ಕೈಚೆಲ್ಲುತ್ತದೆ, ಅಲ್ಲಿಂದ ಕೆಳಗಿನದನ್ನೆಲ್ಲ ಮೂಲೆಯ ದಪ್ಪ ಡಬ್ಬಿ ವಹಿಸಿಕೊಳ್ಳಬೇಕು. ಗಂಡಸಿನ ದನಿಯ ಬುಡ ಇರುವುದು ಸುಮಾರು 100ರಿಂದ 150ರ ಆಸುಪಾಸು. ಹೀಗಾಗಿ ನಾಯಕ ಬಾಯಿ ತೆರೆದರೆ ಮಾತಿನ ತುದಿ ಟಿ.ವಿ.ಯಿಂದ, ಬುಡ ಸೋಫಾದ ಹಿಂದಿನಿಂದ. 'ಕಾಂತಾರ' ಸಿನಿಮಾದ ದೈವದ ಕೂಗನ್ನು ಇಂಥ ಸೆಟ್‌ನಲ್ಲಿ ಕೇಳಿದವರು ಬೆಚ್ಚಿರಬಹುದು, ಆದರೆ ಬೆಚ್ಚಿಸಿದ್ದು ಗಂಟಲಲ್ಲ, ಡಬ್ಬಿಯ ಮರದ ಗುಂಯ್‌ಗುಡುವಿಕೆ. ಐದೂ ಒಂದೇ ಕಂಪನಿಯವು, ನಿಜ. ಐದೂ ಒಂದೇ ತೆರನಾಗಿ ಸೋಲುತ್ತವೆ.

ಹೆಸರು ಕಿವಿಯನ್ನು ಎಷ್ಟು ಆಳುತ್ತದೆ ಎಂಬುದನ್ನು ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲೇ ತೋರಿಸಿಕೊಟ್ಟರು. ಒಂದೇ ಸ್ಪೀಕರ್‌ಗಳನ್ನು ಒಮ್ಮೆ ಪರದೆಯ ಹಿಂದಿಟ್ಟು, ಒಮ್ಮೆ ಕಣ್ಣೆದುರಿಗಿಟ್ಟು ಕೇಳಿಸಿದರು. ಕಣ್ಣಿಗೆ ಕಂಡಾಗ ದೊಡ್ಡ, ಅಂದದ ಸ್ಪೀಕರ್‌ಗಳಿಗೆ ಅಂಕ ಏರಿತು, ಅಗ್ಗದ ಪುಟ್ಟದಕ್ಕೆ ಇಳಿಯಿತು. ಈ ಪ್ರಯೋಗ ನನ್ನ ವಾದಕ್ಕೆ ತುಸು ಅಡ್ಡವೂ ಹೌದು, ಏಕೆಂದರೆ ಅಲ್ಲಿ ಸೊರಗಿದ್ದು ಪುಟ್ಟ ಡಬ್ಬಿಗಳ ಸೆಟ್ಟೇ. ಕಣ್ಣು ಮುಚ್ಚಿದಾಗ ಅದು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಆದರೆ ಅದು ಬಲ್ಲವರು ಕೂತು ಮಾಡಿದ ಪುಟ್ಟ ಡಬ್ಬಿ. ನಮ್ಮ ಅಂಗಡಿಗಳಲ್ಲಿ ರಟ್ಟಿನ ಮೇಲೆ ಸಾವಿರಗಟ್ಟಲೆ ವಾಟ್ ಬರೆಸಿಕೊಂಡು ಕೂತದ್ದು ಅದಲ್ಲ.

ವಾಟಿನ ವಿಷಯ ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ರಟ್ಟಿನ ಮೇಲೆ ಬರೆಯುವ ಪಿ.ಎಂ.ಪಿ.ಒ. ಎಂಬ ವಾಟಿನ ಅಂಕಿಗೆ ಎಲ್ಲೂ ಕಟ್ಟುಬಿದ್ದ ಅಳತೆಯಿಲ್ಲ. ಬರೆದವನ ಧೈರ್ಯವೇ ಅದರ ಅಳತೆ. ಅಮೆರಿಕದಲ್ಲಿ ಇಂಥ ಬಡಾಯಿ ಮಿತಿಮೀರಿದಾಗ ಅಲ್ಲಿನ ವ್ಯಾಪಾರ ಆಯೋಗ 1974ರಲ್ಲಿ ಆಂಪ್ಲಿಫೈಯರ್ ಶಕ್ತಿಯನ್ನು ಹೀಗೇ ಅಳೆದು ಹೇಳಬೇಕೆಂದು ನಿಯಮ ಮಾಡಿತು. ಈಗ ಮನೆಯ ಲೆಕ್ಕ ಮಾಡಿ. 88 ಡೆಸಿಬೆಲ್ ಸಂವೇದನೆಯ ಸ್ಪೀಕರ್ ಎಂದರೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್. ದೂರ ಎರಡರಷ್ಟಾದರೆ ಹೆಚ್ಚೆಂದರೆ 6 ಡೆಸಿಬೆಲ್ ಇಳಿಯುತ್ತದೆ. ಮೂರು ಮೀಟರ್ ದೂರಕ್ಕೆ ಸುಮಾರು 79 ಉಳಿಯುತ್ತದೆ. ಎರಡು ಸ್ಪೀಕರ್ ಸೇರಿ 82 ಎನ್ನಿ. ಮನೆಯಲ್ಲಿ ಸಿನಿಮಾ ನೋಡುವಾಗ ಮಾತುಕತೆ 70-75 ಡೆಸಿಬೆಲ್ ಇದ್ದರೆ ಪಕ್ಕದ ಮನೆಯವರಿಗೂ ಕತೆ ತಿಳಿಯುತ್ತದೆ. ಅದಕ್ಕಿಂತ 20 ಡೆಸಿಬೆಲ್ ಮೇಲೇರುವ ಸ್ಫೋಟಕ್ಕೂ ಬೇಕಾಗುವುದು ಒಂದೊಂದು ಸ್ಪೀಕರಿಗೆ 20 ವಾಟ್ ಚಿಲ್ಲರೆ. ಶಕ್ತಿ ಎರಡರಷ್ಟಾದರೆ ಏರುವುದು ಬರೀ 3 ಡೆಸಿಬೆಲ್. ಆದ್ದರಿಂದ 50 ವಾಟಿನದು ಬಿಟ್ಟು 100 ವಾಟಿನ ಆಂಪ್ಲಿಫೈಯರ್‌ಗೆ ದುಡ್ಡು ಸುರಿಯುವುದಕ್ಕಿಂತ 91 ಡೆಸಿಬೆಲ್ ಸಂವೇದನೆಯ ಸ್ಪೀಕರ್ ಹುಡುಕುವುದು ಲೇಸು. ಖುರ್ಚಿಯನ್ನು ಮೂರು ಮೀಟರಿನಿಂದ ಎರಡಕ್ಕೆ ಎಳೆದುಕೊಂಡರಂತೂ ಅಷ್ಟೇ ಲಾಭ ಪುಕ್ಕಟೆ.

ಇನ್ನು ಕೋಣೆಯ ವಿಷಯ. ಬೇಲೆಕೇರಿಯನ್ನೇ ನೋಡಿ. ಅದಿರಿನ ಹಗರಣದಿಂದ ದೇಶಕ್ಕೆ ಹೆಸರು ಗೊತ್ತಾದ ಬಂದರು, ಮೀನುಗಾರರ ಊರು. ಚಿರೇಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಇಳಿಜಾರು ಮಾಡು ಈ ಕರಾವಳಿಯ ಹಳೆಯ ಮನೆಗಳ ಕ್ರಮ; ಈಚಿನವು ಟೆರೇಸು, ನೆಲಕ್ಕೆ ಹೊಳೆಯುವ ಟೈಲ್ಸು. ಹಳೆಯ ಮನೆ ಹೋಮ್ ಥಿಯೇಟರಿಗೆ ಆಗಿಬರುವುದಿಲ್ಲ, ಅದೆಲ್ಲ ಹೊಸ ಮನೆಯ ಹಾಲಿನಲ್ಲೇ ಚಂದ ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಕಿವಿಯ ಸಾಕ್ಷಿ ತಿರುವುಮುರುವಾಗಿದೆ. ಟೆರೇಸ್ ಮನೆಯ ಹಾಲ್ ಎಂದರೆ ಎದುರುಬದುರು ನುಣುಪಾದ ಗೋಡೆ, ತಲೆಯ ಮೇಲೆ ಕಾಂಕ್ರೀಟು, ಕಾಲಡಿ ಟೈಲ್ಸು. ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಓಡಾಡುತ್ತದೆ. ಹನ್ನೆರಡಡಿ ಉದ್ದದ ಕೋಣೆಯಾದರೆ 47 ಹರ್ಟ್ಸ್ ಸುತ್ತಿನ ತಗ್ಗುಸದ್ದು ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಉಬ್ಬುತ್ತದೆ. ಸಬ್‌ವೂಫರ್ ಯಾವ ಕಂಪನಿಯದ್ದಾದರೂ ಆ ಉಬ್ಬು ತಪ್ಪದು, ಅದು ಕೋಣೆಯದ್ದು. ಹೆಂಚಿನ ಮನೆಯಲ್ಲಿ ಮಾಡು ಓರೆ; ಹೆಂಚಿನ ಸಂದಿ, ಸೂರಿನ ಕೆಳಗಿನ ತೆರಪು ಇವುಗಳಿಂದ ತಗ್ಗುಸದ್ದು ಹೊರಕ್ಕೆ ಸೋರಿಹೋಗುತ್ತದೆ. ಗುಡುಗು ತುಸು ಬಡವಾಗುತ್ತದೆ, ಮಾತು ಸ್ವಚ್ಛವಾಗುತ್ತದೆ. ನನಗಾದರೆ ಈ ವ್ಯಾಪಾರ ಒಪ್ಪಿಗೆ. ಟೆರೇಸ್ ಮನೆಯವರು ಗೋಡೆಗೊಂದು ದಪ್ಪ ಪರದೆ, ನೆಲಕ್ಕೆ ಜಮಖಾನೆ, ಹಿಂದೆ ಪುಸ್ತಕದ ಕಪಾಟು ಇಟ್ಟುಕೊಂಡರೆ ಸಿಗುವ ಸುಧಾರಣೆ ಹತ್ತು ಸಾವಿರದ ಕೇಬಲ್ಲಿನಿಂದ ಸಿಗದು.

ಹೆಂಚಿನ ಮನೆಗೆ ಒಗ್ಗದ ಸಾಮಾನು ಒಂದಿದೆ, ಅಂಗಡಿಯಲ್ಲಿ ಈಗ ಅದಕ್ಕೇ ಹೆಚ್ಚು ಬಾಯಿ. 2012ರಲ್ಲಿ ಚಿತ್ರಮಂದಿರಕ್ಕೆಂದು ಬಂದ ಡಾಲ್ಬಿ ಅಟ್ಮಾಸ್ ಕೆಲವೇ ವರ್ಷಗಳಲ್ಲಿ ಮನೆಗೂ ಇಳಿಯಿತು. ಸೌಂಡ್‌ಬಾರ್‌ನ ಬೆನ್ನಮೇಲೆ ಆಕಾಶಕ್ಕೆ ಮುಖ ಮಾಡಿದ ಸ್ಪೀಕರ್ ಇರುತ್ತದೆ; ಸದ್ದು ಮೇಲಕ್ಕೆ ಹೋಗಿ ಸೀಲಿಂಗಿಗೆ ಬಡಿದು ತಲೆಯ ಮೇಲೆ ಬೀಳಬೇಕು. ಇದಕ್ಕೆ ಚಪ್ಪಟೆಯಾದ, ಗಟ್ಟಿಯಾದ ಸೀಲಿಂಗ್ ಬೇಕೆಂದು ಡಾಲ್ಬಿಯೇ ಹೇಳುತ್ತದೆ. ಜಂತಿ, ರೀಪು, ಓರೆ ಹೆಂಚುಗಳ ನಡುವೆ ಆ ಸದ್ದು ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಅಂಗಡಿಯ ಪಿ.ಒ.ಪಿ. ಸೀಲಿಂಗಿನ ಕೆಳಗೆ ಕೇಳಿ ಮರುಳಾಗಿ ತಂದವರು ಮನೆಯಲ್ಲಿ ಬರೀ ಉದ್ದನೆಯ ಸ್ಪೀಕರಿಗೆ ಕಂತು ಕಟ್ಟುತ್ತಿರುತ್ತಾರೆ.

ಇನ್ನು ನಾವು ಕೇಳುವುದಾದರೂ ಏನನ್ನು? ಟಿ.ವಿ. ಚಾನೆಲ್ಲಿನ ಹಳೆಯ ಸಿನಿಮಾ, ಯೂಟ್ಯೂಬಿನ ಯಕ್ಷಗಾನ, ಧಾರಾವಾಹಿ, ಕ್ರಿಕೆಟ್ಟು. ಇವುಗಳಲ್ಲಿ ಬಹುಪಾಲು ಎರಡು ಚಾನೆಲ್ಲಿನವು, ಎಷ್ಟೋ ಯಕ್ಷಗಾನದ ಧ್ವನಿಮುದ್ರಣಗಳು ಒಂದೇ ಚಾನೆಲ್ಲಿನವು. ಹಿಂದಿನ ಎರಡು ಡಬ್ಬಿಗಳಿಗೆ ವರ್ಷದಲ್ಲಿ ಬೆರಳೆಣಿಕೆಯ ರಾತ್ರಿಗಳಲ್ಲಿ ಮಾತ್ರ ನಿಜವಾದ ಕೆಲಸ. ಮಲ್ಪೆಯಲ್ಲಿ ನಡೆಯುವ ರಕ್ಷಿತ್ ಶೆಟ್ಟರ 'ಉಳಿದವರು ಕಂಡಂತೆ' (2014), ರಾಮ್ ರೆಡ್ಡಿಯವರ 'ತಿಥಿ' ಚಿತ್ರೀಕರಣದ ಜಾಗದಲ್ಲೇ ಮಾತನ್ನು ಹಿಡಿದ ಸಿನಿಮಾಗಳು. ಅವುಗಳ ರುಚಿ ಇರುವುದು ಮಾತಿನ ಉಸಿರಿನಲ್ಲಿ, ಹಿನ್ನೆಲೆಯ ಊರಿನಲ್ಲಿ. ಎರಡು ಒಳ್ಳೆಯ ಸ್ಪೀಕರ್ ಅದನ್ನು ಕೊಡುತ್ತವೆ, ಆರು ಸಾಧಾರಣ ಡಬ್ಬಿಗಳು ಅಳಿಸಿಹಾಕುತ್ತವೆ.

ಅಂಗಡಿಗೆ ಹೋಗುವಾಗ ಮೊಬೈಲಿನಲ್ಲಿ ಒಂದು ಯಕ್ಷಗಾನದ ತುಣುಕು ಒಯ್ಯಿರಿ ಎನ್ನುವುದು ಇದಕ್ಕೇ. ಅವರು ಹಾಕುವ ಹೆಲಿಕಾಪ್ಟರ್, ಬಾಂಬು ಎಲ್ಲಿ ಬೇಕಾದರೂ ಚೆನ್ನಾಗಿಯೇ ಕೇಳುತ್ತವೆ, ಯಾಕೆಂದರೆ ನಿಜವಾದ ಬಾಂಬು ಹೇಗೆ ಕೇಳುತ್ತದೆಂದು ನಮಗ್ಯಾರಿಗೂ ಗೊತ್ತಿಲ್ಲ. ಭಾಗವತರ ದನಿ, ಚಂಡೆಯ ಪೆಟ್ಟು, ಮದ್ದಲೆಯ ಎಡ-ಬಲಗಳ ವ್ಯತ್ಯಾಸ ಮಾತ್ರ ಈ ಕರಾವಳಿಯ ಕಿವಿಗೆ ಬಾಯಿಪಾಠ. ಬಡಿಗೇರಿಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಹಾಡಿನ ತುಣುಕಾದರೂ ಸರಿ. 2017ರಲ್ಲಿ ಪದ್ಮಶ್ರೀ ಪಡೆದ ಆ ಅಜ್ಜಿಯ ದನಿಯಲ್ಲಿ ಸಬ್‌ವೂಫರ್‌ಗೆ ದಕ್ಕುವುದೇನೂ ಇಲ್ಲ. ಆ ದನಿ ಮೂಗಿನಿಂದ ಬಂದಂತೆಯೋ ಡಬ್ಬದೊಳಗಿನಿಂದ ಬಂದಂತೆಯೋ ಕೇಳಿದರೆ ಅಂಗಡಿಯಿಂದ ಎದ್ದು ಬನ್ನಿ.

ಒಂದೇ ಸೆಟ್ ಕೊಳ್ಳುವವರ ಪರವಾಗಿ ಒಂದು ಮಾತು ಹೇಳಬೇಕು. ಒಂದೇ ರಿಮೋಟು, ಒಂದೇ ಬಿಲ್ಲು, ಒಂದೇ ವಾರಂಟಿ. ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಸಣ್ಣ ಸಂಗತಿಯಲ್ಲ. ಆದರೆ ರಿಮೋಟಿನ ತಕರಾರನ್ನು ಎಚ್‌ಡಿಎಂಐ ಬಹುಮಟ್ಟಿಗೆ ತೀರಿಸಿದೆ. ಟಿ.ವಿ.ಯ ಎ.ಆರ್.ಸಿ. ಎಂದು ಬರೆದ ತೂತಿನಿಂದ ಆಂಪ್ಲಿಫೈಯರ್‌ಗೆ ಒಂದು ಕೇಬಲ್ ಎಳೆದರೆ ಟಿ.ವಿ. ರಿಮೋಟಿನಿಂದಲೇ ಸದ್ದು ಏರಿಳಿಯುತ್ತದೆ, ಎರಡೂ ಬೇರೆ ಕಂಪನಿಯವಾದರೂ ಸಾಮಾನ್ಯವಾಗಿ ತೊಂದರೆಯಿಲ್ಲ. 2009ರ ಎಚ್‌ಡಿಎಂಐ 1.4ರಿಂದಲೇ ಈ ಸೌಕರ್ಯ ಇದೆ. ಇದರಿಂದ ಇನ್ನೊಂದು ಉಪಕಾರ: ಚಿತ್ರವೆಲ್ಲ ಟಿ.ವಿ.ಯಲ್ಲೇ ತಯಾರಾಗುವುದರಿಂದ ಆಂಪ್ಲಿಫೈಯರ್‌ಗೆ, ಅಂಗಡಿಯವರು ರಿಸೀವರ್ ಎನ್ನುವ ಆ ಯಂತ್ರಕ್ಕೆ, 4ಕೆ, 8ಕೆ ಯೋಗ್ಯತೆ ಬೇಕಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಪರಿಚಯದವರ ಮನೆಯಲ್ಲೋ, 4ಕೆ ಇಲ್ಲವೆಂದು ಮೂಲೆಗೆ ಬಿದ್ದ ಒಳ್ಳೆಯ ಯಮಹಾ, ಡೆನಾನ್ ರಿಸೀವರ್ ಕೈಗೆಟಕುವ ಬೆಲೆಗೆ ಸಿಕ್ಕರೆ ಬಿಡಬೇಡಿ. ಕೂಡಿಸಿ ನೋಡಲೇಬೇಕಾದ್ದು ಓಮ್ ಒಂದನ್ನು. ರಿಸೀವರ್‌ನ ಬೆನ್ನಿನಲ್ಲಿ 6ರಿಂದ 16 ಓಮ್ ಎಂದಿದ್ದರೆ 4 ಓಮ್‌ನ ಸ್ಪೀಕರ್ ಕಟ್ಟಿ ಜೋರು ಮಾಡಬಾರದು. ಪೆಟ್ಟಿಗೆ ಸೆಟ್‌ಗಳ ಎಷ್ಟೋ ಡಬ್ಬಿಗಳು 3 ಓಮ್‌ನವು, ಪಿನ್ನೂ ಅವರದೇ. ತಾಯಿಯಂತ್ರ ಕೆಟ್ಟ ದಿನ ಐದೂ ಡಬ್ಬಿ ಗುಜರಿಗೆ.

ಸಮುದ್ರದಂಚಿನಲ್ಲಿ ತಾಯಿಯಂತ್ರ ಕೆಡುವುದು ನಿಧಾನದ ಸಂಗತಿಯೂ ಅಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರುವ ಮಳೆ, ಉಪ್ಪುಗಾಳಿ. ತುದಿ ಬಿಚ್ಚಿದ ತಾಮ್ರದ ತಂತಿ ಹಸಿರುಗಟ್ಟುತ್ತದೆ, ಕೋನ್‌ನ ಸುತ್ತಲಿನ ಫೋಮ್ ಪುಡಿಯಾಗುತ್ತದೆ, ಹೊಟ್ಟಿನ ಹಲಗೆಯ ಡಬ್ಬಿ ಉಬ್ಬುತ್ತದೆ. ಸ್ಪೀಕರ್ ಕೊಳ್ಳುವಾಗ ಅಂಚು ರಬ್ಬರಿನದೇ ಎಂದು ಬೆರಳಿನಿಂದ ಮುಟ್ಟಿ ನೋಡುವುದು ಇಲ್ಲಿ ಮೊದಲ ಕೆಲಸ. ಕೇಬಲ್ಲಿಗೆ ವಿದ್ಯುತ್ ಸಾಮಾನಿನ ಅಂಗಡಿಯ 1.5 ಚದರ ಮಿ.ಮೀ. ತಾಮ್ರದ ವೈರ್ ಸಾಕು. ಹತ್ತು ಮೀಟರ್ ಎಳೆದರೂ ಹೋಗಿಬರುವ ಒಟ್ಟು ರೋಧ ಕಾಲು ಓಮ್ ದಾಟದು. 8 ಓಮ್ ಸ್ಪೀಕರಿಗೆ ಅದು ಲೆಕ್ಕಕ್ಕಿಲ್ಲ. ವರ್ಷಕ್ಕೊಮ್ಮೆ ತುದಿ ಕತ್ತರಿಸಿ ಹೊಸದಾಗಿ ಸುಲಿದು ಕಟ್ಟುವುದು, ಚಿನ್ನದ ಲೇಪದ ಪಿನ್ನಿಗಿಂತ ಅಗ್ಗದ ಮದ್ದು.

50,000 ಇದ್ದರೆ ನಾನು 30,000ವನ್ನು ಎರಡು ಸ್ಪೀಕರಿಗೇ ಇಡುತ್ತೇನೆ, ಐದೋ ಆರೋ ಇಂಚಿನ ವೂಫರ್ ಇರುವಂಥವಕ್ಕೆ. ಉಳಿದದ್ದರಲ್ಲಿ ಹಳೆಯ ರಿಸೀವರ್, ವೈರ್, ಒಂದು ಸ್ಟೆಬಿಲೈಜರ್. ಸಬ್‌ವೂಫರ್ ಮುಂದಿನ ವರ್ಷ ನೋಡಿದರಾಯಿತು, ನಡುವಿನ ಸ್ಪೀಕರ್ ಅದರಾಚೆಗೆ. ಎರಡು ಸ್ಪೀಕರುಗಳ ನಡುವೆ ನೇರ ಕೂತವರಿಗೆ ಮಾತು ಹೇಗೂ ಪರದೆಯಿಂದಲೇ ಬಂದಂತೆ ಕೇಳುತ್ತದೆ. ಹಿಂದಿನ ಎರಡು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಮತ್ತು ಮುಂಗಾರಿನ ಮುಂಚಿನ ಗುಡುಗು ಶುರುವಾದ ದಿನಗಳಲ್ಲಿ ಪ್ಲಗ್ ಕಿತ್ತರಷ್ಟೇ ಸಾಲದು, ಡಿ.ಟಿ.ಎಚ್. ಕೊಡೆಯ ಕೇಬಲ್ಲನ್ನೂ ಕಿತ್ತಿಡಬೇಕು. ಸಿಡಿಲಿನ ಹೊಡೆತ ಆ ದಾರಿಯಿಂದ ಸೆಟ್‌ಟಾಪ್ ಬಾಕ್ಸಿಗೆ ಇಳಿದು, ಎಚ್‌ಡಿಎಂಐ ಹಿಡಿದು ಟಿ.ವಿ.ಗೂ ರಿಸೀವರಿಗೂ ದಾಟಬಲ್ಲದು. ಹಾಗೆ ಸುಟ್ಟರೂ ಬಿಡಿಬಿಡಿಯಾಗಿ ಕೊಂಡವರಿಗೆ ಬದಲಿಸಬೇಕಾಗುವುದು ಸುಟ್ಟದ್ದನ್ನು ಮಾತ್ರ. 30,000ದ ಸ್ಪೀಕರ್‌ಗಳು ಸಾಮಾನ್ಯವಾಗಿ ಬದುಕಿಕೊಂಡಿರುತ್ತವೆ, ಇನ್ನೊಂದು ಹಳೆಯ ರಿಸೀವರ್ ಹುಡುಕಿದರಾಯಿತು.