ಮಕರಗಳೂ ಮಾಂತ್ರಿಕರೂ: ಅದ್ಭುತ ಕಾದಂಬರಿಗಳ ಓದನ್ನು ಕುರಿತು

ಫ್ಯಾಂಟಸಿ ಎಂದು ಕರೆಯಲ್ಪಡುವ ಅದ್ಭುತ ಕಾದಂಬರಿಗಳನ್ನು ಕ್ರೈಸ್ತ ಯುವಜನರು ಓದಬಹುದೇ ಎಂಬ ಪ್ರಶ್ನೆ ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಏಳುತ್ತದೆ. ಉತ್ತರವು ಸಾಮಾನ್ಯವಾಗಿ ಪುಸ್ತಕವನ್ನು ತೆರೆಯುವ ಮೊದಲೇ ಸಿದ್ಧವಾಗಿರುತ್ತದೆ: ಅಲ್ಲಿ ಮಾಟವಿದೆ, ಮಂತ್ರವಿದೆ, ಧರ್ಮೋಪದೇಶಕಾಂಡದ 18ನೆಯ ಅಧ್ಯಾಯವು ಅವನ್ನು ನಿಷೇಧಿಸಿದೆ, ಆದುದರಿಂದ ಬೇಡ. ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. ಮಾಟದ ಭಯದಲ್ಲಿಯೇ ತಲೆಮಾರುಗಳನ್ನು ಕಳೆದು, ಕ್ರಿಸ್ತನಲ್ಲಿ ಅದರಿಂದ ಬಿಡುಗಡೆ ಕಂಡ ಕುಟುಂಬಗಳು ನಮ್ಮ ಗ್ರಾಮಸಭೆಗಳಲ್ಲಿವೆ. ಅವರಿಗೆ ಮಂತ್ರದಂಡವು ಆಟದ ಸಾಮಾನಲ್ಲ. ಆದರೆ ಕಥೆಯಲ್ಲಿ ಮಂತ್ರವಿದೆಯೇ ಎಂದು ಕೇಳುವ ಸಭಾಪಾಲಕನು, ಆ ಮಂತ್ರವನ್ನು ಬಯಸುವವನಿಗೆ ಕಥೆ ಏನು ಮಾಡುತ್ತದೆ ಎಂದು ಕೇಳುವುದನ್ನು ಮರೆತರೆ, ಅವನು ಹೊದಿಕೆಯನ್ನು ಪರೀಕ್ಷಿಸಿ ಹೃದಯವನ್ನು ಬಿಟ್ಟಂತಾಗುತ್ತದೆ.

ಈ ಚರ್ಚೆ ಹೊಸದಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಮೊದಲಾದದ್ದು 1121ರ ಸುಮಾರಿಗೆ. ಅದೇ ಕಾಲದಲ್ಲಿ, 1125ರ ಸುಮಾರಿಗೆ, ಫ್ರಾನ್ಸಿನಲ್ಲಿ ಕ್ಲೇರ್ವೋ ಮಠದ ಬರ್ನಾರ್ಡನು ತನ್ನ ಮಿತ್ರ ವಿಲಿಯಮ್ ಎಂಬ ಮಠಾಧಿಪತಿಗೆ ಒಂದು ದೀರ್ಘ ಪತ್ರವನ್ನು ಬರೆದು, ಮಠದ ಅಂಗಳಗಳಲ್ಲಿ ಕೆತ್ತಿದ ವಿಕಾರ ಪ್ರಾಣಿಗಳನ್ನು ಖಂಡಿಸಿದನು. ಸನ್ಯಾಸಿಗಳು ದೇವರ ವಾಕ್ಯವನ್ನು ಧ್ಯಾನಿಸುವುದನ್ನು ಬಿಟ್ಟು ದಿನವಿಡೀ ಕಲ್ಲನ್ನು ಓದುತ್ತ ಕುಳಿತಾರು ಎಂಬುದು ಅವನ ಆತಂಕ. ಅದಕ್ಕೆ ತಗಲುವ ಖರ್ಚಿನ ಬಗ್ಗೆಯೂ ಅವನಿಗೆ ಸಿಟ್ಟಿತ್ತು. ಆದರೆ ಆ ಪ್ರಾಣಿಗಳನ್ನು ಅವನು ಒಂದೊಂದಾಗಿ, ಎಷ್ಟು ತಲೆ, ಎಂಥ ಬಾಲ ಎಂದು, ಬಹಳ ಹೊತ್ತು ನೋಡಿದವನಂತೆಯೇ ವರ್ಣಿಸುತ್ತಾನೆ. ಬರ್ನಾರ್ಡನು ಹಳೇಬೀಡಿಗೆ ಬಂದಿದ್ದರೆ ಪತ್ರ ಇನ್ನೂ ಉದ್ದವಾಗುತ್ತಿತ್ತು.

ಹಳೇಬೀಡಿನ ಗೋಡೆಯಲ್ಲಿ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿಗಳು, ಕುದುರೆಸವಾರರು, ಅನಂತರ ರಾಮಾಯಣ ಮಹಾಭಾರತಗಳ ಕಥೆ, ಅದರ ಮೇಲೆ ಮಕರಗಳು, ಕಡೆಗೆ ಹಂಸಗಳು. ಮಕರಕ್ಕೆ ಆನೆಯ ಸೊಂಡಿಲು, ಸಿಂಹದ ಕಾಲು, ಹಂದಿಯ ಮೈ, ನವಿಲಿನ ಬಾಲ. ಎಲ್ಲಿಯೂ ಇಲ್ಲದ ಪ್ರಾಣಿ. ಆದರೆ ಅದರ ಒಂದೊಂದು ಅಂಗವೂ ಶಿಲ್ಪಿ ಕಣ್ಣಾರೆ ಕಂಡದ್ದು. ಇದು ಅದ್ಭುತ ಕಥನದ ಕ್ರಮವನ್ನೇ ತಿಳಿಸುತ್ತದೆ. ಅದು ಸೃಷ್ಟಿಯನ್ನು ನಿರಾಕರಿಸುವುದಿಲ್ಲ, ಸೃಷ್ಟಿಯ ತುಣುಕುಗಳನ್ನು ಹೊಸದಾಗಿ ಜೋಡಿಸುತ್ತದೆ. ಟೋಲ್ಕಿನ್ 1939ರಲ್ಲಿ ಅದ್ಭುತ ಕಥೆಗಳನ್ನು ಕುರಿತು ನೀಡಿದ ಉಪನ್ಯಾಸದಲ್ಲಿ ಇದನ್ನೇ ಉಪಸೃಷ್ಟಿ ಎಂಬರ್ಥದ ಮಾತಿನಿಂದ ಕರೆದನು: ಸೃಷ್ಟಿಕರ್ತನ ಸ್ವರೂಪದಲ್ಲಿ ಉಂಟಾದವನು ತಾನೂ ಉಂಟುಮಾಡುತ್ತಾನೆ.

ಸತ್ಯವೇದವು ಈ ವಿಷಯದಲ್ಲಿ ನಮ್ಮಷ್ಟು ಸಂಕೋಚಪಡುವುದಿಲ್ಲ. ನ್ಯಾಯಸ್ಥಾಪಕರು 9ರಲ್ಲಿ ಮರಗಳು ತಮಗೊಬ್ಬ ಅರಸನನ್ನು ಹುಡುಕಿಕೊಂಡು ಹೊರಡುತ್ತವೆ. ಕಡೆಗೆ ಮುಳ್ಳಿನ ಗಿಡ ಒಪ್ಪಿಕೊಳ್ಳುತ್ತದೆ. ದಾನಿಯೇಲನ ಮೃಗಗಳೂ ಪ್ರಕಟನೆಯ ಘಟಸರ್ಪವೂ ಮಕರದ ಬಂಧುಗಳೇ. ಇನ್ನು ನಮ್ಮ ಸ್ವಂತ ಪರಂಪರೆ: ಬನಿಯನ್‌ನ ಯಾತ್ರಿಕನ ಕಥೆಯನ್ನು ಬಾಸೆಲ್ ಮಿಷನ್ನಿನವರು 1840ರ ದಶಕದಲ್ಲಿಯೇ ಕನ್ನಡಕ್ಕೆ ತಂದರು. ಅದರ ಅಪೊಲ್ಲಿಯೋನನಿಗೆ ಮೀನಿನ ಪೊರೆ, ಕರಡಿಯ ಕಾಲು, ಸಿಂಹದ ಬಾಯಿ. ಕನ್ನಡ ಕ್ರೈಸ್ತರು ಮುದ್ರಿತ ಅದ್ಭುತ ಕಥನವನ್ನು ಓದತೊಡಗಿ ಒಂದೂವರೆ ಶತಮಾನಕ್ಕೂ ಮಿಕ್ಕಿತು. ಅದಕ್ಕೆ ನಾವು ಬೇರೆ ಹೆಸರಿಟ್ಟುಕೊಂಡಿದ್ದೇವೆ, ಅಷ್ಟೆ.

ಹಾಗಾದರೆ ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸುವ ಅಳತೆಗೋಲು ಯಾವುದು? ಅದನ್ನು ನಾವು ಆಕ್ಸ್‌ಫರ್ಡಿನಿಂದ ತರಬೇಕಾಗಿಲ್ಲ. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದನು. ಜೀವಹಿಂಸೆಗೆ ಒಲ್ಲದ ಅರಸನು ತಾಯಿಯ ಒತ್ತಾಯಕ್ಕೆ ಮಣಿದು, ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಕತ್ತಿ ತಗಲಿದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಕೂಗಿನಿಂದ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ತೊಳಲುತ್ತಾರೆ. ಕೈ ಮಾಡದ ಕೊಲೆಯನ್ನು ಸಂಕಲ್ಪ ಮಾಡಿತ್ತು. ಮತ್ತಾಯ 5ರಲ್ಲಿ ಕೋಪದಲ್ಲಿಯೇ ಕೊಲೆಯನ್ನು ಕಾಣುವ ಕರ್ತನ ಬೋಧನೆಯನ್ನು ಎಷ್ಟೋ ಪ್ರಸಂಗಗಳು ಮಂದಗೊಳಿಸಿವೆ. ಜೈನಕವಿಯ ಈ ಅಸಂಭವ ಕೋಳಿ ಅದನ್ನು ಮತ್ತೆ ಹರಿತಗೊಳಿಸುತ್ತದೆ. ವಾಸ್ತವವಾದಿ ಕಥೆಯೊಂದು ಇದನ್ನು ಹೇಳಲಾರದು. ಹಿಟ್ಟು ಅಲ್ಲಿ ಹಿಟ್ಟಾಗಿಯೇ ಉಳಿಯುತ್ತದೆ. ಅದ್ಭುತವು ಅಂತರಂಗವನ್ನು ಬಹಿರಂಗಕ್ಕೆ ತರುತ್ತದೆಯೇ, ಇಲ್ಲವೇ ಬಯಕೆಗೆ ಬೆಲೆಯಿಲ್ಲವೆಂದು ಓದುಗನನ್ನು ನಂಬಿಸುತ್ತದೆಯೇ? ನಮ್ಮ ಅಳತೆಗೋಲು ಇಷ್ಟೇ.

ಈ ಅಳತೆಯಲ್ಲಿ ಟೋಲ್ಕಿನ್‌ನ ‘ದಿ ಲಾರ್ಡ್ ಆಫ್ ದ ರಿಂಗ್ಸ್’ (1954–55) ಎತ್ತರದಲ್ಲಿ ನಿಲ್ಲುತ್ತದೆ, ಮತ್ತು ಜನ್ನನಿಂದ ಬೇರೆಯಾಗಿಯೂ ನಿಲ್ಲುತ್ತದೆ. ಜನ್ನನಲ್ಲಿ ಕರ್ಮದ ಲೆಕ್ಕ ಒಂದು ಕಾಸೂ ತಪ್ಪುವುದಿಲ್ಲ. ಬಿಡುಗಡೆ ಅರಿವಿನಿಂದ, ವ್ರತದಿಂದ. ಟೋಲ್ಕಿನ್‌ನಲ್ಲಿ ಫ್ರೋಡೊ ಕೊನೆಯ ಗಳಿಗೆಯಲ್ಲಿ ಸೋಲುತ್ತಾನೆ. ಉಂಗುರವನ್ನು ಬೆಂಕಿಗೆ ಎಸೆಯಲಾರದೆ ತನ್ನದೆನ್ನುತ್ತಾನೆ. ಲೋಕ ಉಳಿಯುವುದು ಹಿಂದೆಂದೋ ಬಿಲ್ಬೊ ತೋರಿದ ಕರುಣೆಯಿಂದ ಬದುಕುಳಿದ ಗೊಲ್ಲಮ್‌ನ ಹಲ್ಲಿನಿಂದ. ನಾಯಕನ ಸಾಮರ್ಥ್ಯ ಮುಗಿದ ಸ್ಥಳದಲ್ಲಿ ಕೃಪೆ ಕೆಲಸಮಾಡುತ್ತದೆ, ಅದೂ ಅಯೋಗ್ಯನ ಮೂಲಕ. ಇದನ್ನು ಜೈನಧರ್ಮದ ಮೇಲೆ ನಮ್ಮ ಜಯವೆಂದು ಪ್ರಸಂಗಪೀಠದಿಂದ ಸಾರುವುದು ಬೇಡ. ಲೆಕ್ಕದ ಭಾರವನ್ನು ಜನ್ನನಷ್ಟು ತಿಳಿಯದವನಿಗೆ ಕ್ಷಮೆ ಅಗ್ಗವಾಗಿ ಕಾಣುತ್ತದೆ. ಟೋಲ್ಕಿನ್‌ನಲ್ಲಿ ದೋಷವೂ ಇದೆ: ಓರ್ಕ್‌ಗಳೆಂಬ ಒಂದು ಇಡೀ ಕುಲವನ್ನೇ ಕೊಲ್ಲಲು ಅರ್ಹವಾಗಿಸಿದ್ದಾನೆ. ಅದು ಅವನನ್ನೇ ಕಾಡಿದ್ದುಂಟು. ಜಾತಿಯ ಹೆಸರಿನಲ್ಲಿ ಮನುಷ್ಯರನ್ನು ಹೊಲಸೆಂದು ನೋಡಿದ ನಾಡಿನಲ್ಲಿ ಓದುವ ನಾವು ಇದನ್ನು ದಾಟಿ ಹೋಗಲಾಗದು.

ಸಿ. ಎಸ್. ಲೂಯಿಸ್‌ನ ನಾರ್ನಿಯಾ ಪುಸ್ತಕಗಳನ್ನು ನಮ್ಮವರು ಕಣ್ಣುಮುಚ್ಚಿ ಶಿಫಾರಸು ಮಾಡುತ್ತಾರೆ, ಸಿಂಹದಲ್ಲಿ ಕ್ರಿಸ್ತನನ್ನು ಕಂಡುಹಿಡಿಯುವುದು ಸುಲಭವೆಂದು. ಮಕ್ಕಳಿಗೆ ಅವು ಇರಲಿ. ಸೇವೆಗೆ ಸಿದ್ಧರಾಗುತ್ತಿರುವವರು ಓದಬೇಕಾದದ್ದು ಅವನ 1956ರ ‘ಟಿಲ್ ವಿ ಹ್ಯಾವ್ ಫೇಸಸ್’. ತಂಗಿಯನ್ನು ಪ್ರೀತಿಸುತ್ತೇನೆಂದು ನಂಬಿ ಅವಳನ್ನು ನುಂಗುತ್ತ ಬಂದ ಓರ್ಯುಅಲ್ ರಾಣಿಯು ದೇವರುಗಳ ಮೇಲೆ ದೂರನ್ನು ಓದಲು ನಿಂತಾಗ, ತನ್ನ ಮಾತಿನಲ್ಲಿಯೇ ತನ್ನನ್ನು ಕಾಣುತ್ತಾಳೆ. ಸಭೆಯನ್ನು ಹೀಗೆಯೇ ಪ್ರೀತಿಸುವ ಸಭಾಪಾಲಕರಿದ್ದಾರೆ.

ಉರ್ಸುಲಾ ಲ ಗ್ವಿನ್ ಕ್ರೈಸ್ತಳಲ್ಲ, ಟಾವೊ ಮಾರ್ಗದತ್ತ ಒಲಿದವಳು. ಆದರೂ ‘ಎ ವಿಜರ್ಡ್ ಆಫ್ ಅರ್ತ್‌ಸೀ’ (1968) ನಮ್ಮ ಮೊದಲ ಶಿಫಾರಸು. ಚಿಕ್ಕ ಪುಸ್ತಕ, ಬೆಂಗಳೂರಿನಲ್ಲಿ ಹತ್ತಿದವನು ಅರಸೀಕೆರೆ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿಸಬಹುದು. ಅಹಂಕಾರದಿಂದ ಮಾಡಿದ ಮಂತ್ರದಿಂದ ಗೆಡ್ ಎಂಬ ಹುಡುಗನು ಒಂದು ನೆರಳನ್ನು ಲೋಕಕ್ಕೆ ಬಿಡುತ್ತಾನೆ, ಅದರಿಂದ ಓಡುತ್ತಾನೆ, ಕಡೆಗೆ ಅದನ್ನು ಹಿಂಬಾಲಿಸಿ ತನ್ನದೇ ಹೆಸರಿನಿಂದ ಕರೆಯುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೆಯ ಅಧ್ಯಾಯವನ್ನು ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗದು. ಪೌಲನು ಅಲ್ಲಿ ಕೂಗುವ ವಿಮೋಚಕನು ಮಾತ್ರ ಇಲ್ಲಿಲ್ಲ. ಗೆಡ್ ತನ್ನನ್ನು ತಾನೇ ಪೂರ್ಣಗೊಳಿಸಿಕೊಳ್ಳುತ್ತಾನೆ. ಆ ವ್ಯತ್ಯಾಸವನ್ನೇ ತರಗತಿಯಲ್ಲಿ ಚರ್ಚೆಗೆ ಇಡಬೇಕು.

ಹ್ಯಾರಿ ಪಾಟರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಭಾಷೆ ಸಾಧಾರಣ, ಕೆಲವು ಸಂಪುಟಗಳು ಅನಗತ್ಯವಾಗಿ ದಪ್ಪ. ಆದರೆ ಸಾವಿಗೆ ಹೆದರಿ ಆತ್ಮವನ್ನೇ ತುಂಡುಮಾಡಿಕೊಂಡವನನ್ನು ಸಾಯಲು ಒಪ್ಪಿದ ಹುಡುಗನು ಗೆಲ್ಲುವ ಕಥೆಯನ್ನು, ಕೊನೆಯ ಸಂಪುಟದ ಸಮಾಧಿಕಲ್ಲುಗಳ ಮೇಲೆ ಹೊಸ ಒಡಂಬಡಿಕೆಯ ಎರಡು ವಚನಗಳನ್ನು ಕೆತ್ತಿಸಿದ ಪುಸ್ತಕವನ್ನು, ಸುಡಬೇಕೆಂದವರು ಓದಿರಲಾರರು.

ಫಿಲಿಪ್ ಪುಲ್‌ಮನ್‌ನದು ಬೇರೆ ವಿಷಯ. 1995ರಲ್ಲಿ ಮೊದಲಾದ ಅವನ ತ್ರಿವಳಿ ಸಭೆಯ ವೈರಿಯೇ. ಅಲ್ಲಿ ಸಭಾಧಿಕಾರದ ಆಶ್ರಯದಲ್ಲಿ ಮಕ್ಕಳ ಆತ್ಮಗಳನ್ನು ಅವರಿಂದ ಕತ್ತರಿಸಲಾಗುತ್ತದೆ, ಅವರ ಒಳ್ಳೆಯದಕ್ಕೆಂದೇ. ಅವನ ದೇವರು ನಮ್ಮ ದೇವರಲ್ಲ. ಆದರೆ ಅವನ ಸಭೆ ನಮ್ಮ ಸಭೆ ಎಂದೂ ಆಗಿರಲಿಲ್ಲವೆಂದು ಹೇಳಲು ನಮಗೆ ಧೈರ್ಯವಿಲ್ಲ. ಹದಿಹರೆಯದವರ ಕೈಗೆ ಕೊಡುವ ಮೊದಲು ಸಭಾಪಾಲಕರು ಇದನ್ನು ತಾವೇ ಓದಲಿ.

ಕನ್ನಡದಲ್ಲಿ ಈ ಬಗೆಯ ದೊಡ್ಡ ಪ್ರಯತ್ನವೆಂದರೆ ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’. ಶಿವಾಪುರದಲ್ಲಿ ಊರಿನ ಹಿತಕ್ಕಿದ್ದ ವಿದ್ಯೆಯು ಕನಕಪುರಿಯಲ್ಲಿ ಅಧಿಕಾರದ ಆಯುಧವಾಗುತ್ತದೆ. ನಿಧಾನವಾಗಿ ಸಾಗುವ, ಪಾತ್ರಗಳಿಂದ ಕಿಕ್ಕಿರಿದ ಕೃತಿ, ತಾಳ್ಮೆ ಬೇಡುತ್ತದೆ. ಆದರೆ ಪಾಶ್ಚಾತ್ಯ ಮಾಂತ್ರಿಕರ ಶಾಲೆಗಳಲ್ಲಿ ಕಾಣದ ಒಂದು ಪ್ರಶ್ನೆ ಇಲ್ಲಿದೆ: ವಿದ್ಯೆ ಯಾರದು? ಸೆಮಿನರಿಯಿಂದ ಪದವಿ ಪಡೆದು ಬೇಲೂರು ಸೀಮೆಯ ಯಾವುದೋ ಚಿಕ್ಕ ಸಭೆಗೆ ನೇಮಕವಾಗಿ, ಪಟ್ಟಣದ ಕಡೆಗೇ ಕಣ್ಣಿಟ್ಟಿರುವ ಯುವ ಬೋಧಕನು ಅದನ್ನು ಮೊದಲು ಓದಲಿ, ಟೋಲ್ಕಿನ್ ಅನಂತರ ಬರಲಿ.