ಹೆಲ್ಮೆಟ್ಟಿನೊಳಗಿನ ನಿಸ್ತಂತು ಮಾತು: ಕೈ ಬಿಡುವಾದರೆ ಸಾಕೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ರಸ್ತೆಗಳಲ್ಲಿ ಒಂದು ದೃಶ್ಯ ಎಲ್ಲರಿಗೂ ಪರಿಚಿತ. ಬೈಕ್ ಸವಾರನು ಹೆಲ್ಮೆಟ್ಟಿಗೂ ಕಿವಿಗೂ ನಡುವೆ ಮೊಬೈಲನ್ನು ಸಿಕ್ಕಿಸಿಕೊಂಡು, ಕತ್ತನ್ನು ಒಂದು ಬದಿಗೆ ವಾಲಿಸಿ, ಮಾತನಾಡುತ್ತಲೇ ಸಾಗುತ್ತಾನೆ. ಈ ಅಪಾಯಕ್ಕೆ ಪರಿಹಾರವೆಂದು ಈಗ ಹೆಲ್ಮೆಟ್ಟಿಗೇ ಜೋಡಿಸುವ ನಿಸ್ತಂತು ಹೆಡ್‌ಸೆಟ್ ಮಾರಾಟವಾಗುತ್ತಿದೆ. ಕೈ ಹ್ಯಾಂಡಲ್ ಮೇಲೆ, ಕಣ್ಣು ರಸ್ತೆಯ ಮೇಲೆ ಇರುವುದರಿಂದ ಇನ್ನು ಭಯವಿಲ್ಲ ಎಂಬುದು ಇದರ ಪರವಾದ ಮುಖ್ಯ ವಾದ. ಈ ವಾದ ಎಷ್ಟರಮಟ್ಟಿಗೆ ಸರಿ? ಹೈಸ್ಕೂಲಿನ ಭೌತವಿಜ್ಞಾನದ ನೆರವಿನಿಂದಲೇ ಇದನ್ನು ಪರಿಶೀಲಿಸಬಹುದು.

ಸಾಧನದ ಪರಿಚಯ

ಈ ಸಾಧನದಲ್ಲಿ ಎರಡು ತೆಳು ಸ್ಪೀಕರ್, ಬಾಯಿಯ ಹತ್ತಿರ ಒಂದು ಮೈಕ್, ಹೆಲ್ಮೆಟ್ಟಿನ ಎಡಬದಿಗೆ ಅಂಟಿಸುವ ಒಂದು ಪೆಟ್ಟಿಗೆ ಇರುತ್ತವೆ. ಪೆಟ್ಟಿಗೆಯಲ್ಲಿ ಬ್ಯಾಟರಿ ಮತ್ತು ಬ್ಲೂಟೂತ್ ರೇಡಿಯೊ ಇವೆ. ಬ್ಲೂಟೂತ್ ಬಳಸುವುದು 2.4 ಗಿಗಾಹರ್ಟ್ಸ್ ಆವೃತ್ತಿಯ ಅಲೆಗಳನ್ನು. ಇವುಗಳ ತರಂಗಾಂತರ ಸುಮಾರು 12.5 ಸೆಂ.ಮೀ. ಮೂಲ ಬ್ಲೂಟೂತ್ ವ್ಯವಸ್ಥೆಯು ಈ ಪಟ್ಟಿಯನ್ನು 79 ದಾರಿಗಳಾಗಿ ವಿಂಗಡಿಸಿ, ಸೆಕೆಂಡಿಗೆ 1600 ಬಾರಿ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಒಂದು ದಾರಿಯಲ್ಲಿ ಅಡಚಣೆ ಬಂದರೂ ಮಾತು ಪೂರ್ತಿ ಕಡಿಯದಿರಲು ಇದೇ ಕಾರಣ. ಫೋನಿನೊಂದಿಗೆ ಮಾತ್ರವಲ್ಲದೆ ಇನ್ನೊಬ್ಬ ಸವಾರನ ಹೆಡ್‌ಸೆಟ್ಟಿನೊಂದಿಗೂ ಇದು ನೇರವಾಗಿ ಸಂಪರ್ಕ ಸಾಧಿಸಬಲ್ಲದು. ನಡುವೆ ಮೊಬೈಲ್ ಗೋಪುರ ಬೇಕಿಲ್ಲ. ತಾಂತ್ರಿಕವಾಗಿ ಇದು ಮೆಚ್ಚತಕ್ಕ ಸಾಧನೆಯೇ ಸರಿ.

ಕಬ್ಬಿನ ನಡುವೆ ರೇಡಿಯೊ

ಪೊಟ್ಟಣದ ಮೇಲೆ ಅಚ್ಚಾಗಿರುವ ದೂರವು ಸಾಮಾನ್ಯವಾಗಿ ತೆರೆದ ಬಯಲಿನದು. ನಮ್ಮ ರಸ್ತೆಗಳಲ್ಲಿ ಅದು ಏಕೆ ಸಿಗುವುದಿಲ್ಲ? ರೇಡಿಯೊ ಅಲೆ ದಾರದಂತೆ ನೇರವಾಗಿ ಸಾಗುವುದಿಲ್ಲ. ಕಳಿಸುವ ಮತ್ತು ಪಡೆಯುವ ಆಂಟೆನಾಗಳ ನಡುವೆ, ಮಧ್ಯದಲ್ಲಿ ಉಬ್ಬಿದ ಕದಿರಿನಾಕಾರದ ಜಾಗವನ್ನು ಅದು ಬಳಸುತ್ತದೆ. ಇದಕ್ಕೆ ಫ್ರೆನೆಲ್ ವಲಯವೆಂದು ಹೆಸರು. ಇಬ್ಬರು ಸವಾರರ ನಡುವೆ 300 ಮೀಟರ್ ಅಂತರವಿದ್ದರೆ, ಮಧ್ಯದಲ್ಲಿ ಈ ವಲಯದ ತ್ರಿಜ್ಯ ಸುಮಾರು 3 ಮೀಟರ್. ಸವಾರನ ಹೆಲ್ಮೆಟ್ ನೆಲದಿಂದ ಇರುವುದು ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ. ಅಂದರೆ ವಲಯದ ಕೆಳಭಾಗವನ್ನು ನೆಲವೇ ಅಡ್ಡಗಟ್ಟುತ್ತದೆ. ರಸ್ತೆ ತಿರುಗುವಲ್ಲಿ ಆಳೆತ್ತರ ಮೀರಿದ ಕಬ್ಬು ನಿಂತಿದ್ದರೆ ಅಲೆ ಆ ಬೆಳೆಯನ್ನು ಹಾದೇ ಹೋಗಬೇಕು. ಹಸಿ ಗಿಡದಲ್ಲಿ ನೀರು ಹೆಚ್ಚು, 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ.

ಹೀಗಾಗಿ ಕೃಷ್ಣಾ ತೀರದ ಕಬ್ಬಿನ ಸೀಮೆಯಲ್ಲಿ ಮಾತು ತಿರುವಿನಲ್ಲೇ ಕಡಿಯುವ ಸಂಭವ ಹೆಚ್ಚು. ಆಗ ಸವಾರ 'ಹಲೋ, ಕೇಳಸ್ತೈತೇನ್ರಿ?' ಎನ್ನುತ್ತ ಎಡಗೈ ಎತ್ತಿ ಗುಂಡಿ ಒತ್ತುತ್ತಾನೆ. ಕ್ಲಚ್ ಹಿಡಿಯಬೇಕಾದ ಕೈಯೂ ಅದೇ. ಗಮನ ಅತಿ ಹೆಚ್ಚು ಬೇಕಾದ ಜಾಗದಲ್ಲೇ ಸಾಧನವು ಗಮನವನ್ನು ಬೇಡುತ್ತದೆ.

ಕಿವಿಯ ಲೆಕ್ಕ

ಎಂಜಿನ್ನಿಗಿಂತ ಗಾಳಿಯೇ ಸವಾರನ ಕಿವಿಗೆ ಹೆಚ್ಚು ಸದ್ದು ಮಾಡುತ್ತದೆ. ಹೆಲ್ಮೆಟ್ಟಿನೊಳಗೆ ಕಿವಿಯ ಬಳಿ ಗಂಟೆಗೆ ಸುಮಾರು 65 ಕಿ.ಮೀ. ವೇಗದಲ್ಲೇ ಸದ್ದು 90 ಡೆಸಿಬೆಲ್ ಮುಟ್ಟುತ್ತದೆಂದು 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ನಡೆದ ಅಳತೆಗಳು ತೋರಿಸಿದವು. ಇದರ ನಡುವೆ ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಸ್ಪೀಕರ್ ಗಾಳಿಯನ್ನು ಮೀರಬೇಕು. ಅದನ್ನು 95 ಡೆಸಿಬೆಲ್ಲಿಗೆ ಏರಿಸಿದೆವೆನ್ನೋಣ. ಡೆಸಿಬೆಲ್ ಲಘುಗಣಕದ ಅಳತೆಯಾದ್ದರಿಂದ 90ಕ್ಕೆ 95 ಕೂಡಿದರೆ 185 ಆಗುವುದಿಲ್ಲ; ಸುಮಾರು 96 ಆಗುತ್ತದೆ.

ಇದು ಅಲ್ಪ ಏರಿಕೆಯಂತೆ ಕಾಣುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಅನಂತರ ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. ಈ ಲೆಕ್ಕದಲ್ಲಿ 90 ಡೆಸಿಬೆಲ್ಲಿಗೆ ಸುಮಾರು ಎರಡೂವರೆ ಗಂಟೆ ದೊರೆತರೆ, 96ಕ್ಕೆ ದೊರೆಯುವುದು 40 ನಿಮಿಷಕ್ಕಿಂತ ಕಡಿಮೆ. ನಿಪ್ಪಾಣಿಯಿಂದ ಬೆಳಗಾವಿಗೆ ಹೆದ್ದಾರಿಯಲ್ಲಿ ಹೋಗಲು ಒಂದು ಗಂಟೆಗೂ ಹೆಚ್ಚು ಬೇಕು. ದಾರಿಯುದ್ದಕ್ಕೂ ಹಾಡು ಅಥವಾ ಮಾತು ಕೇಳುವ ಸವಾರನು ದಿನದ ಮಿತಿಯನ್ನು ಅರ್ಧ ದಾರಿಯ ಆಸುಪಾಸಿನಲ್ಲೇ ಮುಗಿಸಿರುತ್ತಾನೆ. ಶಬ್ದದಿಂದಾಗುವ ಕಿವುಡುತನ ನೋವಿಲ್ಲದೆ ಬರುತ್ತದೆ, ಬಂದದ್ದು ಹಿಂದಿರುಗುವುದಿಲ್ಲ.

ಮನಸ್ಸಿನ ಲೆಕ್ಕ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಫೋನ್ ಸಂಭಾಷಣೆಯ ಸಮಯದಲ್ಲಿ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟಾಗುತ್ತದೆಂದು ಕೆನಡಾದ ರೆಡೆಲ್‌ಮಿಯರ್ ಮತ್ತು ಟಿಬ್‌ಶಿರಾನಿ 1997ರಲ್ಲಿ ಪ್ರಕಟಿಸಿದರು. ಕೈಯಲ್ಲಿ ಹಿಡಿಯದ ಫೋನಿನಿಂದ ವಿಶೇಷ ಲಾಭವೇನೂ ಅವರಿಗೆ ಕಾಣಲಿಲ್ಲ. 2001ರಲ್ಲಿ ಅಮೆರಿಕದ ಸ್ಟ್ರೇಯರ್ ಮತ್ತು ಜಾನ್‌ಸ್ಟನ್ ಪ್ರಯೋಗಾಲಯದಲ್ಲಿ ಇದನ್ನೇ ಪರೀಕ್ಷಿಸಿದರು. ಸಂಭಾಷಣೆಯಲ್ಲಿ ತೊಡಗಿದವರು ಸಂಕೇತಗಳನ್ನು ತಪ್ಪಿಸಿಕೊಳ್ಳುವುದು ಎರಡು ಪಟ್ಟಿಗೂ ಹೆಚ್ಚಾಯಿತು. ಫೋನ್ ಕೈಯಲ್ಲಿದ್ದರೂ ಇಲ್ಲದಿದ್ದರೂ ಫಲಿತಾಂಶ ಒಂದೇ. ಆದರೆ ಬರಿಯ ರೇಡಿಯೊ ಕೇಳುತ್ತಿದ್ದವರಲ್ಲಿ ಈ ದೋಷ ಕಾಣಲಿಲ್ಲ. ಎಂದರೆ ತೊಂದರೆ ಇರುವುದು ಉತ್ತರ ಯೋಚಿಸಬೇಕಾದ ಸಂಭಾಷಣೆಯಲ್ಲಿ.

ಈ ಅಧ್ಯಯನಗಳು ಕಾರು ಚಾಲನೆಗೆ ಸಂಬಂಧಿಸಿದವು. ಬೈಕ್ ಸವಾರನಿಗೆ ಸಮತೋಲನದ ಹೊಣೆಯೂ ಇರುವುದರಿಂದ ಅವನಿಗೆ ಹೆಚ್ಚಿನ ರಿಯಾಯಿತಿ ನಿರೀಕ್ಷಿಸಲು ಕಾರಣವಿಲ್ಲ.

ನಮ್ಮ ಭಾಗದ ಉದಾಹರಣೆಯೊಂದನ್ನು ತೆಗೆದುಕೊಳ್ಳಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರೇಲರ್ ರಾತ್ರಿ ಗಂಟೆಗೆ 14 ಕಿ.ಮೀ. ವೇಗದಲ್ಲಿ ಸಾಗುತ್ತಿದೆ. ಹಿಂದಿನಿಂದ ಬೈಕ್ 50 ಕಿ.ಮೀ. ವೇಗದಲ್ಲಿ ಬರುತ್ತಿದೆ. ಸಾಪೇಕ್ಷ ವೇಗ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್. ಎದುರು ವಾಹನದ ಬೆಳಕು ಕಣ್ಣಿಗೆ ಹೊಡೆದು, ಟ್ರೇಲರ್ 30 ಮೀಟರ್ ಅಂತರದಲ್ಲಷ್ಟೇ ಕಂಡಿತು. ನೋಡಿ ಬ್ರೇಕ್ ಒತ್ತಲು 1.5 ಸೆಕೆಂಡ್ ಎಂದರೆ 15 ಮೀಟರ್ ಹೋಯಿತು. ಅನಂತರ 4 ಮೀ/ಸೆ² ವೇಗಾಪಕರ್ಷದಲ್ಲಿ ಟ್ರೇಲರಿನ ವೇಗಕ್ಕೆ ಇಳಿಯಲು 12.5 ಮೀಟರ್ ಬೇಕು. ಒಟ್ಟು 27.5 ಮೀಟರ್, ಉಳಿದದ್ದು ಎರಡೂವರೆ ಮೀಟರ್. ಹೆಲ್ಮೆಟ್ಟಿನೊಳಗಿನ ಪ್ರಶ್ನೆಗೆ ಉತ್ತರ ಹುಡುಕುತ್ತ ಕಾಲು ಸೆಕೆಂಡ್ ತಡವಾದರೆ ಆ ಎರಡೂವರೆ ಮೀಟರೂ ಇಲ್ಲ.

ಮಾತನಾಡುವವರು ಯಾರು?

ಹಾಗಾದರೆ ಸಾಧನವೇ ಕೆಟ್ಟದ್ದೆ? ಹಾಗೆನ್ನುವುದೂ ಸರಿಯಲ್ಲ. ಕಾರಿನಲ್ಲಿ ಪಕ್ಕದಲ್ಲಿ ಕುಳಿತವರ ಮಾತು ಫೋನಿನ ಮಾತಿನಷ್ಟು ಹಾನಿಕರವಲ್ಲ ಎಂದು 2008ರಲ್ಲಿ ಡ್ರೂಸ್, ಪಸುಪತಿ ಮತ್ತು ಸ್ಟ್ರೇಯರ್ ತೋರಿಸಿದರು. ಪಕ್ಕದವರಿಗೂ ರಸ್ತೆ ಕಾಣುತ್ತದೆ; ಸಂಚಾರ ದಟ್ಟವಾದಾಗ ಅವರ ಮಾತೂ ಅದಕ್ಕೆ ಹೊಂದಿಕೊಳ್ಳುತ್ತದೆ. ಮನೆಯಿಂದ ಕರೆ ಮಾಡಿದವರಿಗೆ ಮುಂದಿನ ಗುಂಡಿ ಕಾಣುವುದಿಲ್ಲ. ಎರಡು ಬೈಕುಗಳಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೊರಟ ಕುಟುಂಬದಲ್ಲಿ ಮುಂದಿನವನು 'ಮುಂದ ಚಕ್ಕಡಿ ಐತಿ, ನಿಧಾನ' ಎಂದರೆ ಅದು ಹಿಂದಿನವನಿಗೆ ಎರಡನೆಯ ಜೋಡಿ ಕಣ್ಣು. ದಾರಿ ತೋರುವ ಧ್ವನಿಯೂ ಫೋನಿನ ಪರದೆಯತ್ತ ಬಗ್ಗಿ ನೋಡುವುದನ್ನು ತಪ್ಪಿಸುತ್ತದೆ. ಒಂದೇ ಸಾಧನ ಒಂದು ಬಳಕೆಯಲ್ಲಿ ರಕ್ಷಕ, ಇನ್ನೊಂದರಲ್ಲಿ ಭಕ್ಷಕ.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅಪಾಯಕರ ಚಾಲನೆಯ ಪಟ್ಟಿಯಲ್ಲಿ ಸೇರಿಸಿರುವುದು ಕೈಯಲ್ಲಿ ಹಿಡಿದ ಸಂಪರ್ಕ ಸಾಧನದ ಬಳಕೆಯನ್ನು. ಕೈಯಲ್ಲಿ ಹಿಡಿಯದ್ದು ನಿರಪಾಯವೆಂದು ಇದರಿಂದ ತಿಳಿಯಬಾರದು.

ಜೋಡಿಸುವಾಗ ಇನ್ನೊಂದು ಎಚ್ಚರ ಬೇಕು. ಸ್ಪೀಕರಿಗೆ ಜಾಗ ಮಾಡಲು ಕೆಲವರು ಹೆಲ್ಮೆಟ್ಟಿನ ಒಳಗಿನ ಬಿಳಿ ಥರ್ಮೊಕೋಲನ್ನು ಕೊರೆಯುತ್ತಾರೆ. ತಲೆಯನ್ನು ಕಾಯುವುದು ಜಜ್ಜಿಹೋಗುವ ಆ ಪದರವೇ. ಸೆಕೆಂಡಿಗೆ 7.5 ಮೀಟರ್ ವೇಗದ ತಲೆ 25 ಮಿ.ಮೀ. ಪದರದಲ್ಲಿ ನಿಂತರೆ ಸರಾಸರಿ ವೇಗಾಪಕರ್ಷ ಗುರುತ್ವದ ಸುಮಾರು 115 ಪಟ್ಟು; 15 ಮಿ.ಮೀ. ಆದರೆ ಸುಮಾರು 190 ಪಟ್ಟು. ಕಿವಿಯ ಬಳಿ ಮೊದಲೇ ತಗ್ಗು ಇರುವ ಹೆಲ್ಮೆಟ್ ಆದರೆ ಮಾತ್ರ ಸ್ಪೀಕರ್ ಕೂರಿಸಿ.

ತರಗತಿಗೊಂದು ಪ್ರಯೋಗ

ಒಬ್ಬ ವಿದ್ಯಾರ್ಥಿ 30 ಸೆಂ.ಮೀ. ಸ್ಕೇಲನ್ನು ಲಂಬವಾಗಿ ಹಿಡಿದು ತಟ್ಟನೆ ಬಿಡಲಿ; ಸೊನ್ನೆಯ ಬಳಿ ಬೆರಳು ತೆರೆದು ಕಾದಿರುವ ಇನ್ನೊಬ್ಬ ಹಿಡಿಯಲಿ. ಬಿದ್ದ ದೂರದಿಂದ s = ½gt² ಸೂತ್ರದ ಮೂಲಕ ಪ್ರತಿಕ್ರಿಯಾ ಕಾಲ ತಿಳಿಯುತ್ತದೆ; 20 ಸೆಂ.ಮೀ. ಎಂದರೆ ಸುಮಾರು 0.2 ಸೆಕೆಂಡ್. ಹತ್ತು ಬಾರಿ ಮೌನವಾಗಿ ಮಾಡಿ ಸರಾಸರಿ ತೆಗೆಯಿರಿ. ಮತ್ತೆ ಹತ್ತು ಬಾರಿ, ಹಿಡಿಯುವವನಿಗೆ ಹದಿನೇಳರ ಮಗ್ಗಿ ಕೇಳುತ್ತ ಮಾಡಿ. ಎರಡು ಸರಾಸರಿಗಳ ವ್ಯತ್ಯಾಸವನ್ನು ಬೈಕಿನ ವೇಗದಿಂದ ಗುಣಿಸಿ, ಬಂದ ಮೀಟರುಗಳನ್ನು ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ತೋರಿಸಿ. ಆ ಗೆರೆಯನ್ನು ನೋಡಿದ ವಿದ್ಯಾರ್ಥಿ ಮನೆಗೆ ಹೋಗಿ, ಬೈಕ್ ಮೇಲಿರುವ ತಂದೆಗೆ ಕರೆ ಮಾಡುವ ಮುನ್ನ ಎರಡು ಬಾರಿ ಯೋಚಿಸಿದರೆ ಪಾಠ ಫಲಿಸಿದಂತೆ.