ಫಿಯಟ್ಟನ್ನು ಬಗ್ಗಿ ನೋಡಬೇಕು

ಹಳೆಯ ಕಾರಿನ ಮುಂದೆ ನಿಂತ ನಮ್ಮ ಜನ ಕೇಳುವ ಮೊದಲ ಪ್ರಶ್ನೆ, ‘ಎಷ್ಟ್ ಮೈಲೇಜ್ ಕೊಡ್ತತಿ?’ ಎರಡನೆಯದು, ‘ಎಷ್ಟಕ್ಕೆ ಕೊಡ್ತೀರಿ?’ ಆಮೇಲೆ ಪ್ರಶ್ನೆ ಇಲ್ಲ. ಬಾನೆಟ್ಟಿಗೆ ಸೊಂಟ ಒರಗಿಸಿ ಒಂದು ಸೆಲ್ಫಿ, ಬೆಲ್ಟಿನ ಬಕಲ್ಲಿನಿಂದ ಬಣ್ಣದ ಮೇಲೊಂದು ಗೀರು, ಹೊರಟರು. ಅವರಿಗೆ ಹೇಳುವುದೇನೂ ಇಲ್ಲ. ಆದರೆ ಎಲ್ಲರೂ ಹೋದ ಮೇಲೂ ಕಾಲು ಕೀಳಲು ಮನಸ್ಸಾಗದೆ, ಏನು ಕೇಳಬೇಕೆಂದೂ ತಿಳಿಯದೆ ಗಾಡಿಗೆ ಇನ್ನೊಂದು ಸುತ್ತು ಹಾಕುವವರು ಊರಿಗೊಬ್ಬರಾದರೂ ಇರುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಅಂಥ ಹುಡುಗರನ್ನು ಕೈಹಿಡಿದು ಈಚೆಗೆ ಎಳೆದುಕೊಳ್ಳುವ ಆಸೆ ನನ್ನದು.

ಅವರಲ್ಲಿ ಅರ್ಧ ಜನಕ್ಕೆ ಹುಚ್ಚು ಹಿಡಿದಿರುವುದು ಮೊಬೈಲಿನಲ್ಲಿ ನೋಡಿದ ಇಟಲಿಯ ಫಿಯಟ್ 500ರಿಂದ. ‘ಕಾರ್ಸ್’ ಸಿನಿಮಾದ ಹಳದಿ ಲುಯಿಜಿಯನ್ನು ನೋಡಿ ಬೆಳೆದವರು. ತಪ್ಪಿಲ್ಲ, ಅದು ಮುದ್ದಾದ ಗಾಡಿಯೇ. 1957ರಲ್ಲಿ ಡಾಂಟೆ ಜಿಯಕೋಸ ಎಂಬ ಎಂಜಿನಿಯರ್ ಮಾಡಿದ್ದು. ಉದ್ದ ಮೂರು ಮೀಟರ್ ಕೂಡ ಇಲ್ಲ, ಹಿಂಬದಿಯಲ್ಲಿ ಗಾಳಿಯಿಂದಲೇ ತಣಿಯುವ ಎರಡು ಸಿಲಿಂಡರಿನ 479 ಸಿಸಿ ಎಂಜಿನ್, ತಲೆಯ ಮೇಲೆ ಮಡಚುವ ಬಟ್ಟೆ. 1975ರವರೆಗೆ ತಯಾರಾಯಿತು. ಆದರೆ ನಮ್ಮಲ್ಲಿ ತಯಾರಾಗಲಿಲ್ಲ. 2008ರಲ್ಲಿ ಶೋರೂಮಿಗೆ ಬಂದ 500 ಹೆಸರನ್ನಷ್ಟೇ ಹೊತ್ತು ತಂದ ಬೇರೆ ಗಾಡಿ. ನಮಗೆ ದಕ್ಕಿದ್ದು ಇದೇ ಜಿಯಕೋಸನ ಇನ್ನೊಂದು ಕೂಸು, ಫಿಯಟ್ 1100. ಮುಂಬೈಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ 1954ರಲ್ಲಿ ಬರತೊಡಗಿತು. ಆ ಗುಂಡುಗುಂಡಗಿನ ಮೊದಲ ಗಾಡಿಗೆ ಮುಂಬೈಯವರು ಇಟ್ಟ ಹೆಸರು ಡುಕ್ಕರ್, ಅಂದರೆ ಮರಾಠಿಯಲ್ಲಿ ಹಂದಿ. ಮುಂದೆ ಡಿಲೈಟ್, ಪ್ರೆಸಿಡೆಂಟ್, 1974ರಿಂದ ಪದ್ಮಿನಿ. ಹೆಸರು ಎಷ್ಟು ಬದಲಾದರೂ ಪೆಟ್ರೋಲ್ ಎಂಜಿನ್ ಮಾತ್ರ ಅದೇ 1089 ಸಿಸಿ. ನಮ್ಮ ನಾಲ್ಕು ತಾಲ್ಲೂಕಿನ ಕೊಟ್ಟಿಗೆಗಳಲ್ಲಿ ತಾಡಪಾಲು ಹೊದ್ದು ಕೂತಿರುವುದು ಇದೇ. ಆದ್ದರಿಂದ ಲುಯಿಜಿಯನ್ನು ಬಿಡಿ, ಪದ್ಮಿನಿಗೆ ಬನ್ನಿ.

ಎಂಜಿನ್ ಬಗ್ಗೆ ನಾನು ಬರೆಯುವುದಿಲ್ಲ. ಪಿಸ್ಟನ್, ಕಾರ್ಬುರೇಟರ್, ಪ್ಲಗ್ ಪಾಯಿಂಟು ಯಾವ ಮೆಕ್ಯಾನಿಕ್ಕಿಗೂ ಗೊತ್ತಿರುವ ವಿದ್ಯೆ. ಹಾಳಾದರೆ ಬಿಚ್ಚುತ್ತಾರೆ, ಬೋರ್ ಮಾಡಿಸುತ್ತಾರೆ, ಮತ್ತೆ ಜೋಡಿಸುತ್ತಾರೆ. ಎಂಜಿನ್ ಕೇಳಿ ತಲೆದೂಗುವವನು ಹಾಡು ಬಿಟ್ಟು ಮೈಕ್ ಸೆಟ್ ಹೊಗಳುವವನ ಹಾಗೆ. ಫಿಯಟ್‌ನಲ್ಲಿ ನೋಡಬೇಕಾದ್ದು ಒಂದೇ, ತಗಡು.

ಯಾಕೆಂದರೆ ಈ ಗಾಡಿಗೆ ಲಾರಿಗೋ ಜೀಪಿಗೋ ಇರುವಂತೆ ಬೇರೆ ಚಾಸಿ ಇಲ್ಲ. ನೆಲ, ಕಂಬ, ಮಾಡು, ಬಾಗಿಲ ಕೆಳಗಿನ ಹೊಸ್ತಿಲು ಎಲ್ಲ ಸೇರಿಸಿ ಬೆಸೆದ ಒಂದೇ ಡಬ್ಬಿ. ಈ ಡಬ್ಬಿಯೇ ಭಾರ ಹೊರುವುದು. ಅದರಲ್ಲೂ ಹೆಚ್ಚು ದುಡಿಯುವುದು ನಮ್ಮ ಟಿಂಕರ್‌ಗಳು ರನ್ನಿಂಗ್ ಬೋರ್ಡ್ ಅನ್ನುವ ಆ ಹೊಸ್ತಿಲು. ಹೊರಗೊಂದು, ಒಳಗೊಂದು ತಗಡು, ನಡುವೆ ಟೊಳ್ಳು. ಆ ಟೊಳ್ಳಿಗೆ ನೀರು ಹೋದರೆ ಹೊರಬರಲು ಸಣ್ಣ ತೂತುಗಳಿವೆ. ಅವು ಮಣ್ಣು ಕಟ್ಟಿಕೊಂಡರೆ ತುಕ್ಕು ಒಳಗಿನಿಂದ ತಿನ್ನುತ್ತ ಬರುತ್ತದೆ. ಹೊರಗಿನ ಬಣ್ಣಕ್ಕೆ ಸುದ್ದಿ ಮುಟ್ಟುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ.

ಇದನ್ನು ಬಣ್ಣ ಕೆರೆಯದೆಯೇ ಕಂಡುಹಿಡಿಯಬಹುದು. ಬಾಗಿಲು ಹಾಕಿಟ್ಟು ಮೂರು ಹೆಜ್ಜೆ ಹಿಂದೆ ನಿಂತು ಬಾಗಿಲಿಗೂ ಕಂಬಕ್ಕೂ ನಡುವಿನ ಸಂದು ನೋಡಿ. ಮೇಲೆ ಎಷ್ಟಿದೆಯೋ ಕೆಳಗೂ ಅಷ್ಟೇ ಇರಬೇಕು. ಮೇಲೆ ಉಗುರೂ ಹೋಗದಷ್ಟು, ಕೆಳಗೆ ಬೆರಳು ತೂರುವಷ್ಟು ಇದ್ದರೆ ಗಾಡಿ ನಡುವಿನಲ್ಲಿ ಕುಸಿದಿದೆ. ಆಮೇಲೆ ಬಾಗಿಲು ಪೂರ್ತಿ ತೆಗೆದು ಕೈಬಿಡಿ. ತುದಿ ಕೆಳಗೆ ಜಗ್ಗಿತೆ? ಕೀಲು ಸವೆದಿದ್ದರೆ ಅದೃಷ್ಟ, ಕೀಲು ಕೂತ ಕಂಬದ ಬುಡವೇ ಹೋಗಿದ್ದರೆ ಗ್ರಹಚಾರ. ಡುಕ್ಕರ್‌ನಲ್ಲಿ ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ಕೀಲು ಒಂದೇ ನಡುಗಂಬದಲ್ಲಿ. ಮುಂದಿನದು ಈಗಿನ ಕಾರುಗಳ ಬಾಗಿಲಿಗೆ ಉಲ್ಟಾ ತೆಗೆಯುತ್ತದೆ. ಪಡ್ಡೆಗಳು ಆ ಬಾಗಿಲು ಬಡಿದು ವಿಡಿಯೊ ಮಾಡುತ್ತಾರೆ. ಎರಡು ಬಾಗಿಲು ಹೊತ್ತ ಕಂಬದ ಬುಡವನ್ನು ಒಬ್ಬನೂ ಬಗ್ಗಿ ನೋಡುವುದಿಲ್ಲ.

ಇನ್ನು ಬಣ್ಣದ ಕೆಳಗಿನ ಪುಟ್ಟಿ. ಜೇಬಿನಲ್ಲಿ ಒಂದು ಆಯಸ್ಕಾಂತ ಇರಲಿ. ಗೀರು ಬೀಳದಂತೆ ಕರ್ಚೀಫಿನಲ್ಲಿ ಸುತ್ತಿ ಮಡ್‌ಗಾರ್ಡಿನ ಅಂಚು, ಹೊಸ್ತಿಲು, ಬಾಗಿಲಿನ ಕೆಳಗಿನ ಗೇಣುದ್ದ ಜಾಗದ ಮೇಲೆ ಸರಿಸಿ. ಗಪ್ಪನೆ ಹಿಡಿದರೆ ತಗಡು, ಜಾರಿ ಬಿದ್ದರೆ ಪುಟ್ಟಿ. ಮಾಲೀಕರನ್ನು ಕೇಳಿಯೇ ಮಾಡಿ. ಕೇಳದೆ ಮಾಡಿದರೆ ಬೈಗುಳ ಗ್ಯಾರಂಟಿ.

ಈ ಹುಚ್ಚು ನನಗೆ ಹತ್ತಿಸಿದ್ದು ಚನ್ನಗಿರಿಯ ಒಬ್ಬ ಟಿಂಕರ್ ಮೇಸ್ತ್ರಿ. ದೊಡ್ಡಪ್ಪನ ಪದ್ಮಿನಿಯನ್ನು ಪೇಂಟ್ ಮಾಡಿಸಲು ಒಯ್ದಿದ್ದೆವು. ಹೊಳೆಯುವ ಕೆಂಪು ಬೇಕು ಅಂತ ನನ್ನ ಹಟ. ಅವರು ಬಣ್ಣದ ಮಾತೇ ಎತ್ತಲಿಲ್ಲ. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಹೊಸ್ತಿಲ ಉದ್ದಕ್ಕೂ ಟಕಟಕ ಬಡಿಯುತ್ತ ಬಂದರು. ಮುಂದಿನ ಚಕ್ರದ ಹತ್ತಿರ ಟಣ್ ಟಣ್. ನಡುಗಂಬದ ಕೆಳಗೆ ಬಂದಾಗ ದಪ್, ಒದ್ದೆ ಹಲಗೆಗೆ ಬಡಿದ ಸದ್ದು. ‘ಕೇಳಿಸ್ತಾ ತಮ್ಮಾ? ಇಲ್ಲಿ ಗಾಡಿ ಇಲ್ಲ, ಬರೀ ಬಣ್ಣ ಐತಿ’ ಅಂದರು. ಸ್ಕ್ರೂಡ್ರೈವರ್ ತಿರುಗಿಸಿ ಚೂಪು ತುದಿಯನ್ನು ಸುಮ್ಮನೆ ಒತ್ತಿದರು, ಒಳಗೆ ಹೋಯಿತು. ಹೊರಗೆಳೆದಾಗ ಕಂದು ಪುಡಿ, ಜೊತೆಗೆ ಯೂರಿಯಾದ ಬಿಳಿ ಕಾಳು. ದೊಡ್ಡಪ್ಪನ ಮುಖ ನೋಡುವಂತಿರಲಿಲ್ಲ. ಅಂದಿನಿಂದ ಯಾವ ಹಳೆಯ ಕಾರು ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಮೊಣಕಾಲಿನ ಕೆಳಗೆ.

ಹೊಸ್ತಿಲು ಬದಲಾಯಿಸುವುದನ್ನು ಒಮ್ಮೆ ಕೂತು ನೋಡಬೇಕು. ಇದಕ್ಕಿಂತ ದೊಡ್ಡ ಸಂಗೀತ ಕಛೇರಿ ಇಲ್ಲ. ಕಳಪೆ ಕೆಲಸಗಾರ ಗಾಡಿಯನ್ನು ಜಾಕಿ ಮೇಲೆತ್ತಿ ಕೊಳೆತದ್ದನ್ನು ಕತ್ತರಿಸಿ ಬಿಸಾಕುತ್ತಾನೆ. ಆ ಕ್ಷಣವೇ ಡಬ್ಬಿ ನಡುವಿನಲ್ಲಿ ಜೋಲುತ್ತದೆ, ಮತ್ತೆ ಆ ಗಾಡಿಗೆ ಬಾಗಿಲು ಕೂರುವುದಿಲ್ಲ. ಬಲ್ಲವನು ಮೊದಲು ಗಾಡಿಯನ್ನು ನಾಲ್ಕೂ ಕಡೆ ಸಮಮಟ್ಟದಲ್ಲಿ ನಿಲ್ಲಿಸಿ, ಬಾಗಿಲ ಕಂಡಿಯಲ್ಲಿ ಕಂಬದಿಂದ ಕಂಬಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪು ಬೆಸೆಯುತ್ತಾನೆ. ಆಮೇಲೆ ಕತ್ತರಿ. ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆಗೆ ಕೈ. ಹೊಸ ತಗಡು ಸಿ.ಆರ್. ಶೀಟಿನದು, ಇಪ್ಪತ್ತು ಗೇಜಿನ ಆಸುಪಾಸು. ಅಂಚು ಮಡಿಸಿ ತೂತು ಕೊರೆದು, ತೂತು ತುಂಬುವಂತೆ ಬೆಸುಗೆ. ಪ್ರತಿ ಬೆಸುಗೆಯ ಮಧ್ಯೆ ಬಾಗಿಲು ಹಾಕಿ ತೆಗೆದು ನೋಡುತ್ತಾನೆ. ಒಂದೇ ಕಡೆ ಸುಟ್ಟರೆ ತಗಡು ಸೊಟ್ಟಗಾಗುತ್ತದೆ ಅಂತ ಇಲ್ಲೊಂದು, ಅಲ್ಲೊಂದು ಹಾಕಿ, ಪಕ್ಕದಲ್ಲಿ ಒದ್ದೆ ಗೋಣಿ ಇಟ್ಟುಕೊಂಡಿರುತ್ತಾನೆ. ತಗ್ಗಿದ ಜಾಗಕ್ಕೆ ಒಳಗಿನಿಂದ ಡಾಲಿಯೆಂಬ ಕಬ್ಬಿಣದ ಗಟ್ಟಿ ಒತ್ತಿ ಹೊರಗಿನಿಂದ ಸುತ್ತಿಗೆ. ಕಣ್ಣು ಮುಚ್ಚಿ ಅಂಗೈಯಿಂದ ಸವರಿ, ಕಣ್ಣಿಗೆ ಕಾಣದ ಉಬ್ಬನ್ನು ಕೈಯಲ್ಲಿ ಓದುತ್ತಾನೆ. ಕೊನೆಗೆ ಪೈಪು ಕತ್ತರಿಸುವ ಘಳಿಗೆ. ಪೈಪು ಕಳಚಿದ ಮೇಲೂ ಬಾಗಿಲು ಕಿರುಬೆರಳ ನೂಕಿಗೆ ಕ್ಲಕ್ ಅಂತ ಕೂತರೆ ಆತ ಕಲಾವಿದ. ದುಃಖವೇನೆಂದರೆ ಈ ಕೆಲಸವೆಲ್ಲ ಬಣ್ಣದ ಕೆಳಗೆ ಮುಚ್ಚಿಹೋಗುತ್ತದೆ. ಚಪ್ಪಾಳೆ ಪೇಂಟರಿಗೆ.

ತುಕ್ಕಿಗೂ ಊರಿನ ಗುಣವಿದೆ. ಚನ್ನಗಿರಿಯ ಗಾಡಿ ಅಂದರೆ ಮೊದಲು ಡಿಕ್ಕಿ ತೆಗೆಸಿ. ತೋಟದ ಮನೆಯಲ್ಲಿ ಫಿಯಟ್ ಅರ್ಧ ಕಾರು, ಅರ್ಧ ಗಾಡಿಯೆತ್ತು. ಅಡಿಕೆ ಸುಗ್ಗಿಯಲ್ಲಿ ಒದ್ದೆ ಚೀಲ, ಮಿಕ್ಕ ದಿನ ಗೊಬ್ಬರದ ಚೀಲ. ಗೊಬ್ಬರದ ಉಪ್ಪು ಹನಿ ನೀರು ಕಂಡರೆ ಸಾಕು, ಸ್ಟೆಪ್ನಿ ಕೂರುವ ಗುಂಡಿಯನ್ನು ಜರಡಿ ಮಾಡುತ್ತದೆ. ಅಡಿಕೆ ಬೇಯಿಸಿದ ಚೊಗರು ಚೆಲ್ಲಿದ ಕಡೆ ಮಾತ್ರ ಕಬ್ಬಿಣ ಕಪ್ಪಗಾಗಿ ನಿಂತಿರುವುದನ್ನು ಕಂಡಿದ್ದೇನೆ. ಚೊಗರಿನಲ್ಲಿರುವ ಟ್ಯಾನಿನ್ ತುಕ್ಕಿನ ಜೊತೆ ಸೇರಿ ಕಪ್ಪಾಗುತ್ತದೆ, ಪೇಂಟಿನ ಅಂಗಡಿಯ ಎಷ್ಟೋ ತುಕ್ಕುಮದ್ದುಗಳಲ್ಲಿರುವುದೂ ಅದೇ. ಹಾಗಂತ ಯಾರೂ ಗಾಡಿಗೆ ಚೊಗರು ಬಳಿಯಬೇಡಿ. ಹೊನ್ನಾಳಿಯದು ತುಂಗಭದ್ರೆಯ ದಂಡೆ, ಗದ್ದೆಯ ಕೆಸರು. ಚಕ್ರದ ಗೂಡಿನಲ್ಲಿ ಮೆತ್ತಿ ಒಣಗಿದ ಮಣ್ಣನ್ನು ಕೆರೆಯದೆ ತೀರ್ಪು ಕೊಡಬೇಡಿ. ನ್ಯಾಮತಿಯದೂ ಹೆಚ್ಚುಕಡಿಮೆ ಅದೇ, ಮಳೆ ಸ್ವಲ್ಪ ಜಾಸ್ತಿ.

ಜಗಳೂರು ಮಾತ್ರ ಬೇರೆ. ಬರದ ಸೀಮೆಯೆಂದು ಎಲ್ಲರೂ ಮರುಗುವ ತಾಲ್ಲೂಕು, ಫಿಯಟ್‌ನ ಪಾಲಿಗೆ ಸ್ವರ್ಗ. ಅಲ್ಲಿನ ಬಿಸಿಲಿಗೆ ಬಣ್ಣ ಸುಣ್ಣದಂತೆ ಉದುರುತ್ತದೆ, ಗಾಜಿನ ಸುತ್ತಿನ ರಬ್ಬರ್ ಬೀಡಿಂಗ್ ಹಪ್ಪಳದಂತೆ ಮುರಿಯುತ್ತದೆ, ಸೀಟಿನ ರೆಕ್ಸಿನ್ ಬಿರಿದು ನಾರು ಕಾಣುತ್ತದೆ. ನೋಡಿದವರು ಮೂಗು ಮುರಿಯುತ್ತಾರೆ. ಬಗ್ಗಿ ಹೊಸ್ತಿಲು ಬಡಿದರೆ ಟಣ್ ಟಣ್! ರಬ್ಬರು, ರೆಕ್ಸಿನ್ನು ಹಣ ಕೊಟ್ಟರೆ ಬರುತ್ತವೆ. ಕಾರ್ಖಾನೆಯಲ್ಲಿ ಬೆಸೆದ ತಗಡು ಬರುವುದಿಲ್ಲ. ನಾನು ಕೊಳ್ಳುವುದಾದರೆ ಚನ್ನಗಿರಿಯ ಮಿರಮಿರ ಮಿಂಚುವ ಗಾಡಿ ಬಿಟ್ಟು ಜಗಳೂರಿನ ಬೋಳು ಗಾಡಿಯನ್ನೇ ಕೊಳ್ಳುತ್ತೇನೆ.

ದಾವಣಗೆರೆಯ ಒಂದು ಮೈದಾನದ ಹಳೆಯ ಕಾರುಗಳ ಪ್ರದರ್ಶನದಲ್ಲಿ ಹೀಗೆಯೇ ಎರಡು ಫಿಯಟ್ ಅಕ್ಕಪಕ್ಕ ನಿಂತಿದ್ದವು. ಒಂದಕ್ಕೆ ಕಡು ಹಳದಿ ಬಣ್ಣ, ಅಲಾಯ್ ಚಕ್ರ, ಒಳಗೆ ನೀಲಿ ದೀಪ, ಡಿಕ್ಕಿ ತುಂಬ ಸ್ಪೀಕರ್. ಇನ್ನೊಂದು ಮಾಸಲು ಬೂದು, ಒಂದೇ ಮನೆಯಲ್ಲಿ ಬಾಳಿದ್ದು, ಸ್ಟೇರಿಂಗಿನ ಹಿಡಿ ಕೈಬೆವರಿಗೆ ನುಣುಪಾಗಿತ್ತು. ಜನ ಹಳದಿಗೆ ಮುತ್ತಿದರು, ಬಹುಮಾನವೂ ಅದಕ್ಕೇ. ನಾನು ಆಯಸ್ಕಾಂತ ಹಿಡಿದು ಹಳದಿಯ ಪಕ್ಕ ಕೂತೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಒಂದು ಕಡೆಯೂ ಕಚ್ಚಲಿಲ್ಲ. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು 1964ರಲ್ಲಿ ಹನ್ನೆರಡು ಸಾವಿರದ ಫಿಯಟ್ಟಿಗೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಐದು ಸಾವಿರ ಸಾಲ ಮಾಡಿದ್ದರು. ಅಷ್ಟು ಮರ್ಯಾದೆಯ ಗಾಡಿಗೆ ನೀಲಿ ದೀಪ ಹಚ್ಚುವವರಿಗೆ ಏನೆನ್ನಬೇಕು?

ಹಾಗಾದರೆ ಏನನ್ನೂ ಬದಲಿಸಬಾರದೆ? ಬದಲಿಸಿ, ಬೇಡ ಅಂದವರಾರು? ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿ, ರಾತ್ರಿ ಹೊತ್ತು ದೀಪ ಮಂಕಾಗುವುದು ತಪ್ಪುತ್ತದೆ. ಹೆಡ್‌ಲೈಟಿಗೆ ರಿಲೇ ಕೊಡಿ. ಸೀಟ್ ಬೆಲ್ಟ್ ಹಾಕಿಸಿ. ಆದರೆ ಸ್ಟೇರಿಂಗ್ ಕೆಳಗಿನ ಕೈಗೇರು ಮಾತ್ರ ಮುಟ್ಟಬೇಡಿ. ಅದನ್ನು ಕಿತ್ತು ನೆಲದ ಗೇರು ಹಾಕಿಸುವವರು ಹೇಳುವ ಕಾರಣ, ಗೇರು ಸಡಿಲ, ಎಲ್ಲಿ ಬಿತ್ತೋ ಗೊತ್ತಾಗುವುದಿಲ್ಲ ಅಂತ. ಸಡಿಲವಾಗಿರುವುದು ಗೇರಲ್ಲ, ಕೆಳಗಿನ ಸರಳುಗಳ ಸವೆದ ಬುಷ್ಷು. ಬುಷ್ ಹೊಸದಾದರೆ ಎರಡು ಬೆರಳಿಗೆ ಬೀಳುತ್ತದೆ. ಫಸ್ಟ್ ಗೇರಿಗೆ ಸಿಂಕ್ರೊ ಇಲ್ಲ, ಗಾಡಿ ಪೂರ್ತಿ ನಿಂತ ಮೇಲೆ ಹಾಕಿ. ಅವಸರದವರು ಬಸ್ಸಿಗೆ ಹೋಗಲಿ.

ಕಾನೂನೂ ಸ್ವಲ್ಪ ತಿಳಿದಿರಲಿ. ನೋಂದಣಿ ಪತ್ರದಲ್ಲಿ ಇರುವುದಕ್ಕಿಂತ ಗಾಡಿಯನ್ನು ಬೇರೆ ಮಾಡುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ತಡೆಯಿದೆ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂತು, ನಂಬರಿನಲ್ಲಿ ‘ವಿಎ’ ಅಕ್ಷರ. ಹೊಸ ನೋಂದಣಿಗೆ ಇಪ್ಪತ್ತು ಸಾವಿರ ರೂಪಾಯಿ, ಹತ್ತು ವರ್ಷದ ಬಾಳಿಕೆ. ಆದರೆ ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 1974ರ ಪದ್ಮಿನಿಗಳು ಈಗ ಆ ವಯಸ್ಸಿಗೆ ಬಂದಿವೆ. ಹಳದಿ ಮಹಾಶಯರು ಅರ್ಜಿ ಹಾಕಿದಾಗ ನೋಡೋಣ.

ಕಣ್ಣು ಪಳಗಿಸಲು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ, ಹಳೆಯ ಕಾರುಗಳ ದೊಡ್ಡ ಸಾಲೇ ಇದೆ. ಅದು ಮುಟ್ಟದೆ ನೋಡಬೇಕಾದ ಜಾಗ. ಮುಟ್ಟಿ ಕಲಿಯಲು ನಿಮ್ಮೂರಿನ ಟಿಂಕರ್ ಅಂಗಡಿಯೇ ಸೈ. ಒಂದು ಚಹಾ ಹೇಳಿ, ಸ್ಟೂಲಿನ ಮೇಲೆ ಬಾಯಿ ಮುಚ್ಚಿ ಕೂರಿ.

ಬಿಡಿಭಾಗದ ಮಾತೇ ಈಗ ಕಷ್ಟದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದ್ದೆಲ್ಲ ಸಿಗುತ್ತಿದ್ದ ಕಾಲವಿತ್ತು. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳು ಓಡುವವರೆಗೂ ಸಾಮಾನು ತಯಾರಿಸುವವರಿಗೆ ಗಿರಾಕಿ ಇದ್ದರು. 2023ರ ಅಕ್ಟೋಬರ್ ಕೊನೆಗೆ ಆ ಟ್ಯಾಕ್ಸಿಗಳ ಕಾಲವೂ ಮುಗಿಯಿತು. ಇನ್ನು ಉಳಿದಿರುವುದು ನಮ್ಮ ಅಟ್ಟಗಳು, ಕಣದ ಮೂಲೆಗಳು. ನಿಮ್ಮ ಮನೆಯಲ್ಲಿ ಹಳೆಯ ಫಿಯಟ್ಟಿನ ಬಾಗಿಲು, ಮಡ್‌ಗಾರ್ಡು, ಹೆಡ್‌ಲೈಟಿನ ಬಳೆ, ಕೊನೆಗೆ ಒಂದು ಕೀಲು ಬಿದ್ದಿದ್ದರೂ ಗುಜರಿಯವನ ತಕ್ಕಡಿಗೆ ಹಾಕಬೇಡಿ. ಹತ್ತಿರದ ಟಿಂಕರ್ ಮೇಸ್ತ್ರಿಗೆ ಒಂದು ಮಾತು ತಿಳಿಸಿ, ಬೇಕಾದವರು ಅವರಿಗೆ ಗೊತ್ತಿರುತ್ತಾರೆ.